ಕಾರಿಲ್ಲದೆ ಮಕ್ಕಳ ಜೊತೆ ಕಾಡಿಗೆ: ಕುದುರೆಮುಖವೋ, ಆಗುಂಬೆಯೋ, ಬಂಡೀಪುರವೋ?

ಮಂಗಳೂರಿನಲ್ಲಿ ಯಾರ ಹತ್ತಿರವಾದರೂ ‘ಮಕ್ಕಳಿಗೆ ಕಾಡು ತೋರಿಸಬೇಕು’ ಅಂದು ನೋಡಿ, ‘ಒಂದು ಇನ್ನೋವಾ ಮಾಡಿಕೊಂಡು ಹೋಗಿ’ ಎಂಬ ಸಲಹೆ ತಕ್ಷಣ ಬರುತ್ತದೆ. ನಮ್ಮಲ್ಲಿ ಕಾರಿಲ್ಲ. ಬಾಡಿಗೆ ಕಾರಿಗೆ ಸುರಿಯುವ ದುಡ್ಡಿದ್ದರೆ ಬಸ್ಸಿನಲ್ಲಿ ಇನ್ನೊಂದು ಸಲವೂ ಹೋಗಿ ಬರಬಹುದು ಎಂಬುದು ನನ್ನ ಲೆಕ್ಕ. ಹತ್ತು ವರ್ಷದ ಮಗಳು, ಐದು ವರ್ಷದ ಮಗ, ಮಂಡಿ ನೋವಿನ ಅತ್ತೆ, ಕಿಟಕಿ ಪಕ್ಕ ಕೂತರೆ ನಿದ್ದೆ ಹೋಗುವ ಗಂಡ: ಇಷ್ಟು ಜನರ ಸಂಸಾರ ಕಟ್ಟಿಕೊಂಡು ಬಸ್ಸಿನಲ್ಲೇ ಹೋಗಿ ನೋಡಿದ ಜಾಗಗಳ ಹೋಲಿಕೆ ಇದು. ಕಾರ್ಕಳದ ಮೇಲಿನ ಕುದುರೆಮುಖ, ಹೆಬ್ರಿಯಾಚೆ ಸೋಮೇಶ್ವರ ಮತ್ತು ಆಗುಂಬೆ, ಮೈಸೂರು ದಾಟಿ ಬಂಡೀಪುರ. ಕುದುರೆಮುಖ, ಬಂಡೀಪುರ ರಾಷ್ಟ್ರೀಯ ಉದ್ಯಾನಗಳು; ಸೋಮೇಶ್ವರ ಕಾಗದದ ಮೇಲೆ ವನ್ಯಜೀವಿ ಧಾಮವಷ್ಟೇ. ಉಡುಪಿಯವರಿಗೆ ಅಷ್ಟು ಹತ್ತಿರದ ಕಾಡನ್ನು ಅದೊಂದೇ ಕಾರಣಕ್ಕೆ ಬಿಡಲು ಮನಸ್ಸಾಗಲಿಲ್ಲ.

ಕಾರಿನವರು ‘ಏನೇನು ಕಂಡಿತು’ ಅಂತ ಕೇಳುತ್ತಾರೆ. ಬಸ್ಸಿನವರು ಕೇಳಬೇಕಾದ್ದು ಬೇರೆ. ಎಲ್ಲಿ ಇಳಿಯುವುದು, ಮುಂದಿನ ಬಸ್ಸು ಬರುವ ತನಕ ಮಕ್ಕಳನ್ನು ಏನು ಮಾಡುವುದು? ಈ ಮೂರು ಕಾಡುಗಳು ಒಂದಕ್ಕೊಂದು ಬೇರೆಯಾಗುವುದು ಇಲ್ಲೇ.

ಮೊದಲು ಕುದುರೆಮುಖ. ಬಸ್ಸಿನ ಬೋರ್ಡು ಓದಿಯೇ ಹತ್ತಬೇಕು. ಕಾರ್ಕಳ, ಬಜಗೋಳಿ, ಮಾಳ ದಾಟಿ ಘಾಟಿ ಹತ್ತಿದ ಮೇಲೆ ಎಸ್.ಕೆ. ಬಾರ್ಡರ್ ಎಂಬಲ್ಲಿ ದಾರಿ ಕವಲಾಗುತ್ತದೆ. ಒಂದು ಕೆರೆಕಟ್ಟೆ ಮೇಲಾಗಿ ಶೃಂಗೇರಿಗೆ, ಇನ್ನೊಂದು ಕುದುರೆಮುಖ, ಕಳಸದ ಕಡೆಗೆ. ಎರಡೂ ಕಾಡಿನ ದಾರಿಯೇ. ಆದರೆ ಹುಲ್ಲು ಹೊದ್ದ ಆ ಗುಡ್ಡಗಳನ್ನು ನೋಡಬೇಕಾದರೆ ಕಳಸ ಅಥವಾ ಹೊರನಾಡು ಬೋರ್ಡಿನ ಬಸ್ಸೇ ಆಗಬೇಕು. ಕಾರ್ಕಳ ಬಸ್‌ಸ್ಟ್ಯಾಂಡಿನಲ್ಲಿ ಮಕ್ಕಳನ್ನು ಶೌಚಾಲಯಕ್ಕೆ ಕರೆದುಕೊಂಡು ಹೋಗಿ ಬನ್ನಿ. ‘ನನಗೆ ಬರ್ತಾ ಇಲ್ಲ’ ಅಂದರೂ ಬಿಡಬೇಡಿ. ಮಾಳದ ಚೆಕ್‌ಪೋಸ್ಟ್ ದಾಟಿದ ಮೇಲೆ ಬಹಳ ದೂರದವರೆಗೆ ಏನೂ ಸಿಗುವುದಿಲ್ಲ.

ಮಾಳದಿಂದ ಮೇಲೆ ಮರಗಳು ರಸ್ತೆಯ ಮೇಲೇ ಬಾಗಿಕೊಂಡಿವೆ. ಹಗಲಲ್ಲೂ ಡ್ರೈವರ್ ಲೈಟ್ ಹಾಕಿಕೊಂಡಿದ್ದ. ಆಮೇಲೆ ಒಂದು ತಿರುವಿನಲ್ಲಿ ಮರಗಳು ಮುಗಿದು ಬರೀ ಹಸಿರು ಹುಲ್ಲಿನ ಗುಡ್ಡಗಳು ತೆರೆದುಕೊಂಡವು. ಕಾಡು ಉಳಿದಿರುವುದು ಗುಡ್ಡಗಳ ನಡುವಿನ ಮಡಿಕೆಗಳಲ್ಲಿ ಮಾತ್ರ. ಹೊರಡುವಾಗ ಸೆಕೆಯೆಂದು ಬನಿಯನ್ನಿನಲ್ಲಿ ಕೂತಿದ್ದ ಮಗ ಇಲ್ಲಿ ಕಿಟಕಿಯ ಗಾಜು ಎಳೆದು, ಅದರ ಮೇಲೆ ಉಸಿರು ಬಿಟ್ಟು, ಬೆರಳಿನಲ್ಲಿ ಗುಡ್ಡ ಬರೆಯತೊಡಗಿದ. ಹೊರಗೊಂದು ಗುಡ್ಡ, ಗಾಜಿನ ಮೇಲೊಂದು ಗುಡ್ಡ. ಪ್ರಾಣಿ ಕಾಣಲೇಬೇಕೆಂಬ ಹಟವಿಲ್ಲದ ಮಕ್ಕಳಿಗೆ ಈ ಒಂದು ಗಂಟೆಯ ಬಸ್ಸೇ ಪ್ರವಾಸ.

ದೊಡ್ಡ ಮಕ್ಕಳಾದರೆ ಹೇಳಲು ಕಥೆಯೂ ಇದೆ. ಪುತ್ತೂರಿನಲ್ಲಿ ಬೆಳೆದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದ ಮೊದಲರ್ಧದಲ್ಲಿ ಈ ಕಾಡುಗಳಲ್ಲಿ ಸಿಂಗಳೀಕಗಳ ಸಮೀಕ್ಷೆ ಮಾಡಿದ್ದರು. 1987ರಲ್ಲಿ ಸುಮಾರು 600 ಚದರ ಕಿ.ಮೀ. ಕಾಡು ರಾಷ್ಟ್ರೀಯ ಉದ್ಯಾನವಾದದ್ದರ ಹಿಂದೆ ಆ ಕೆಲಸವಿದೆ. ಅದೇ ಗುಡ್ಡಗಳ ಇನ್ನೊಂದು ಕಡೆ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಅದಿರಿನ ಪುಡಿಯನ್ನು ನೀರಲ್ಲಿ ಕಲಸಿ 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸುತ್ತಿದ್ದರು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಖಾಲಿ ಬಿದ್ದ ಕ್ವಾರ್ಟರ್ಸ್‌ಗಳ ಪಕ್ಕ ಬಸ್ಸು ಹೋಗುವಾಗ ಇದನ್ನೆಲ್ಲ ಹೇಳಿದೆ. ‘ನಾವು ಆಡುವ ಪಣಂಬೂರಿಗಾ ಅಮ್ಮ?’ ಅಂತ ಮಗಳು ಕೇಳಿದಳು. ಹೌದು, ಅದೇ ಪಣಂಬೂರಿಗೆ. ಹುಲಿಯ ಕಥೆಗಿಂತ ಈ ಕೊಳವೆಯ ಕಥೆಯನ್ನೇ ಅವಳು ಶಾಲೆಯಲ್ಲಿ ಹೆಚ್ಚು ಹೇಳಿಕೊಂಡಿದ್ದಾಳೆ.

ಎಲ್ಲಿ ಇಳಿಯುವುದು ಎಂಬುದೇ ಇಲ್ಲಿ ಕಷ್ಟ. ಹನುಮಾನ್ ಗುಂಡಿ ಜಲಪಾತ ರಸ್ತೆಗೆ ಹತ್ತಿರವೇ ಇದೆ, ಕೆಳಗೆ ಮೆಟ್ಟಿಲುಗಳೂ ಇವೆ. ಇಳಿಯುವಾಗ ಖುಷಿ, ಹತ್ತುವಾಗ ಚಿಕ್ಕವನು ಸೊಂಟದ ಮೇಲೆ. ಕಂಡಕ್ಟರ್ ಮೊದಲೇ ಎಚ್ಚರಿಸಿದ್ದ: ‘ಅಕ್ಕಾ, ಆದಿತ್ಯವಾರ ಇಲ್ಲಿ ಇಳಿಬೇಡಿ. ವಾಪಸ್ ಬರುವ ಬಸ್ಸು ಫುಲ್ ಇದ್ರೆ ಕೈ ತೋರಿಸಿದ್ರೂ ನಿಲ್ಲಿಸ್ಲಿಕ್ಕಿಲ್ಲ.’ ಅವನ ಮಾತು ಸತ್ಯ. ವಾರದ ದಿನ ಇಳಿದಾಗ ಬಸ್ಸು ಸಿಕ್ಕಿತು. ಆದರೆ ನೆರಳೂ ಅಂಗಡಿಯೂ ಇಲ್ಲದ ರಸ್ತೆಬದಿಯಲ್ಲಿ ಮಕ್ಕಳನ್ನು ಹಿಡಿದುಕೊಂಡು ನಿಂತ ಹೊತ್ತು ಜಲಪಾತ ನೋಡಿದ ಹೊತ್ತಿಗಿಂತ ಉದ್ದವಾಗಿತ್ತು. ಹಾಗಾಗಿ ಆರು ವರ್ಷದೊಳಗಿನ ಮಕ್ಕಳಿದ್ದರೆ ಕಾಡಿನೊಳಗೆ ಇಳಿಯಲೇಬೇಡಿ ಎನ್ನುತ್ತೇನೆ. ಬಸ್ಸಿನಲ್ಲಿ ಉದ್ಯಾನವನ್ನು ಪೂರ್ತಿ ದಾಟಿ ಕಳಸಕ್ಕೆ, ಅಲ್ಲಿಂದ ಹೊರನಾಡಿಗೆ ಹೋಗಿ, ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಊಟ ಮಾಡಿ, ಮಧ್ಯಾಹ್ನದ ಬಸ್ಸಿಗೆ ಅದೇ ದಾರಿಯಲ್ಲಿ ವಾಪಸ್. ಬೆಳಿಗ್ಗೆ ಎಡಗಡೆ ಕೂತವರು ವಾಪಸ್ ಬರುವಾಗಲೂ ಎಡಗಡೆಯೇ ಕೂರಲಿ, ಆಗ ರಸ್ತೆಯ ಇನ್ನೊಂದು ಬದಿಯ ಕಾಡೂ ಕಾಣುತ್ತದೆ. ಕುದುರೆಮುಖ ಶಿಖರದ ಚಾರಣಕ್ಕೆ ಇಲಾಖೆಯ ಅನುಮತಿ ಮೊದಲೇ ಬುಕ್ ಮಾಡಬೇಕು, ಇಡೀ ದಿನ ನಡೆಯಬೇಕು. ಅದು ಈ ವಯಸ್ಸಿನವರ ಮಾತಲ್ಲ.

ಆಗುಂಬೆ ಇದಕ್ಕೆ ತೀರಾ ವಿರುದ್ಧ. ಉಡುಪಿಯಿಂದ ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ. ಸೋಮೇಶ್ವರ ದಾಟಿದ ಮೇಲೆ ಹದಿನಾಲ್ಕು ಹೇರ್‌ಪಿನ್ ತಿರುವುಗಳು. ದೊಡ್ಡ ಬಸ್ಸು ಈ ತಿರುವುಗಳಲ್ಲಿ ತಿರುಗದು, ಓಡುವುದು ಮಿನಿಬಸ್ಸುಗಳು. ದೂರ ಕಡಿಮೆ, ಇಳಿದ ಕೂಡಲೇ ಊರಿದೆ, ಹೋಟೆಲಿದೆ, ಚಹಾ ಇದೆ, ಮಳೆ ಬಂದರೆ ನಿಲ್ಲಲು ಜಗಲಿಯಿದೆ. ಕುದುರೆಮುಖದಲ್ಲಿ ಇಲ್ಲದ್ದೆಲ್ಲ ಇಲ್ಲಿದೆ. ತಿರುವುಗಳನ್ನು ಎಣಿಸುವ ಕೆಲಸ ಮಕ್ಕಳಿಗೆ ಕೊಟ್ಟರೆ ವಾಂತಿಯ ನೆನಪೇ ಬರುವುದಿಲ್ಲ. ನಮ್ಮವರದ್ದು ಹದಿಮೂರೋ ಹದಿನಾಲ್ಕೋ ಅಂತ ಜಗಳವಾಗಿ, ಇಳಿಯುವಾಗ ಮತ್ತೆ ಎಣಿಸಬೇಕಾಯಿತು.

ಆದರೆ ಆಗುಂಬೆಯಲ್ಲಿ ಎಲ್ಲರೂ ಬಯಸುವುದು ಸೂರ್ಯಾಸ್ತ. ಅಡಚಣೆಯೂ ಅಲ್ಲೇ. ಸೂರ್ಯಾಸ್ತದ ಜಾಗ ಊರಿನಿಂದ ಸ್ವಲ್ಪ ಕೆಳಗೆ, ಘಾಟಿಯ ತುದಿಯಲ್ಲಿದೆ. ಸೂರ್ಯ ಮುಳುಗುವ ಹೊತ್ತಿಗೆ ಅಲ್ಲಿದ್ದರೆ ಉಡುಪಿಯ ಬಸ್ಸು ಹಿಡಿಯುವುದು ಕತ್ತಲಲ್ಲಿ, ಬಂದ ಮಿನಿಬಸ್ಸಿನಲ್ಲಿ ಸೀಟಿಲ್ಲ, ಮಕ್ಕಳು ನಿಂತೇ ಹದಿನಾಲ್ಕು ತಿರುವು ಇಳಿಯಬೇಕು. ಕಾರಿನವರಿಗಾಗಿ ಮಾಡಿದ ಸೂರ್ಯಾಸ್ತ ಅದು! ನಾವು ಬೆಳಿಗ್ಗೆ ಹೋಗಿ ಮೂರು ಗಂಟೆಯ ಹೊತ್ತಿಗೆ ಹೊರಟುಬಿಡುತ್ತೇವೆ. ಬೆಳಿಗ್ಗೆ ಘಾಟಿಯ ತುದಿಯಿಂದ ಕೆಳಗೆ ನೋಡಿದರೆ ಮೋಡ ನಮಗಿಂತ ತಗ್ಗಿನಲ್ಲಿರುತ್ತದೆ, ಐದು ವರ್ಷದವನಿಗೆ ಅದೇ ದೊಡ್ಡ ಪವಾಡ. ಹಾವುಗಳ ತಜ್ಞ ರೋಮ್ಯುಲಸ್ ವಿಟೇಕರ್ 2005ರಲ್ಲಿ ಇಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದ್ದು ಕಾಳಿಂಗ ಸರ್ಪಗಳಿಗಾಗಿ. ಆದರೆ ‘ಕಾಳಿಂಗ ತೋರಿಸ್ತೇನೆ’ ಅಂತ ಮಕ್ಕಳಿಗೆ ಮಾತು ಕೊಟ್ಟು ಹೊರಡಬೇಡಿ. ಕಾಳಿಂಗ ಬೇಕೆಂದರೆ ನಮ್ಮ ಪಿಲಿಕುಳ ಮೃಗಾಲಯವೇ ಇದೆ, ಸಿಟಿ ಬಸ್ಸಿನ ದೂರ. ಘಾಟಿಯ ಮಂಗಗಳಿಗೆ ತಿಂಡಿ ಎಸೆಯುವವರನ್ನು ಕಂಡರೆ ಮಕ್ಕಳೂ ಕೈ ಚಾಚುತ್ತಾರೆ. ಮಗನ ಕೈಯಲ್ಲಿದ್ದ ಬನ್ಸ್ ಒಂದೇ ನೆಗೆತಕ್ಕೆ ಮಾಯವಾಯಿತು. ತಿಂಡಿ ಬ್ಯಾಗಿನ ಒಳಗೇ ಇರಲಿ.

ಇನ್ನು ಬಂಡೀಪುರ. ಇದು ಒಂದು ದಿನದ ಕೆಲಸವಲ್ಲ. ಮಂಗಳೂರಿನ ಬಿಜೈ ಬಸ್ ನಿಲ್ದಾಣದಿಂದ ಸುಳ್ಯ, ಸಂಪಾಜೆ, ಮಡಿಕೇರಿ, ಹುಣಸೂರು ಮೇಲಾಗಿ ಮೈಸೂರಿಗೇ ಹೆಚ್ಚುಕಡಿಮೆ ಒಂದು ಹಗಲು. ಸಂಪಾಜೆಯಿಂದ ಮಡಿಕೇರಿಯ ತನಕ ಮಗಳಿಗೆ ಹೊಟ್ಟೆ ತೊಳಸಿತು. ಹಿಂದಿನ ಚಕ್ರದ ಮೇಲಿನ ಸೀಟಿನಿಂದ ಎದ್ದು ಮುಂದೆ ಕೂರಿಸಿ, ಬಾಯಿಗೆ ನೆಲ್ಲಿಕಾಯಿ ಹಾಕಿದ ಮೇಲೆ ಸರಿಹೋಯಿತು. ಮೈಸೂರಿನಲ್ಲಿ ರಾತ್ರಿ ಉಳಿದು, ಮರುದಿನ ಗುಂಡ್ಲುಪೇಟೆಯ ಕಡೆಗೆ ಬಸ್ಸು. ಊಟಿಗೆ ಹೋಗುವ ಬಸ್ಸುಗಳು ಬಂಡೀಪುರದ ನಡುವಿನ ದಾರಿಯಲ್ಲೇ ಹೋಗುತ್ತವೆ. ಸಫಾರಿಯ ಕೌಂಟರ್ ಇರುವುದು ಕಾಡು ಶುರುವಾಗುವ ಮೊದಲೇ, ಮೇಲುಕಾಮನಹಳ್ಳಿಯಲ್ಲಿ. ಟಿಕೆಟ್ ತೆಗೆಯುವಾಗಲೇ ಕಂಡಕ್ಟರಿಗೆ ಆ ಹೆಸರು ಹೇಳಿಡಿ, ಇಲ್ಲದಿದ್ದರೆ ಮುಂದೆ ಹೋಗಿಬಿಡುತ್ತೀರಿ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಈ ದಾರಿ ಬಂದ್. ಸಂಜೆಯ ಸಫಾರಿ ಮುಗಿಸಿದವರು ಊಟಿ ಕಡೆಯ ಕನಸು ಬಿಟ್ಟು ಗುಂಡ್ಲುಪೇಟೆಗೆ ತಿರುಗುವುದೇ ಲೇಸು.

ಒಂದು ಮಾತು: ಮೈಸೂರಿನ ಮೃಗಾಲಯವನ್ನು ಬಂಡೀಪುರಕ್ಕಿಂತ ಮೊದಲು ತೋರಿಸಬೇಡಿ. ಹುಲಿಯನ್ನು ಹತ್ತು ಮಾರು ದೂರದಲ್ಲಿ ಕಂಡ ಮಗುವಿಗೆ ಕಾಡಿನಲ್ಲಿ ಪೊದೆಯ ಹಿಂದಿನ ಕಿವಿ ತೋರಿಸಿದರೆ ಸಮಾಧಾನವಾಗದು. ನಾವು ವಾಪಸ್ ಬರುವಾಗ ಮೃಗಾಲಯಕ್ಕೆ ಹೋದೆವು.

ಸಫಾರಿ ಬಸ್ಸಿನೊಳಗೆ ಮೊದಲ ಜಿಂಕೆ ಹಿಂಡಿಗೆ ಎಲ್ಲರೂ ಎದ್ದು ನಿಂತರು. ನಾಲ್ಕನೆಯ ಹಿಂಡಿಗೆ ಯಾರೂ ತಲೆ ಎತ್ತಲಿಲ್ಲ. ಹಿಂದಿನ ಸೀಟಿನವರೊಬ್ಬರು ‘ಹುಲಿ ಇಲ್ವಾ ಸಾರ್’ ಅಂತ ಡ್ರೈವರನ್ನು ಕೇಳುತ್ತಲೇ ಇದ್ದರು. ಆಮೇಲೆ ಬಸ್ಸು ನಿಂತಿತು, ಎಂಜಿನ್ ಆರಿತು. ಲಂಟಾನ ಪೊದೆಯೊಳಗಿಂದ ಒಂದು ಹೆಣ್ಣಾನೆ ಹೊರಬಂದು, ಹುಲ್ಲಿನ ಕಂತೆಯನ್ನು ಸೊಂಡಿಲಲ್ಲಿ ಕಿತ್ತು, ಮುಂಗಾಲಿಗೆ ಎರಡು ಸಲ ಬಡಿದು ಮಣ್ಣು ಉದುರಿಸಿ ಬಾಯಿಗಿಟ್ಟುಕೊಂಡಿತು. ಅದರ ಹೊಟ್ಟೆಯ ಕೆಳಗೆ ಮರಿ. ಮಗ ನನ್ನ ಕಿವಿಯಲ್ಲಿ, ‘ಅಜ್ಜಿ ಬಸಳೆ ಕೊಡವುವ ಹಾಗೆ’ ಅಂದ. ಕುದುರೆಮುಖದಲ್ಲಿ ಇಷ್ಟು ಹತ್ತಿರದ ನೋಟ ಸಿಗುವುದಿಲ್ಲ. ಅಲ್ಲಿ ಸಿಂಗಳೀಕ ಕಂಡರೂ ಕೊಂಬೆಯಿಂದ ಕೊಂಬೆಗೆ ಹೋದ ಕಪ್ಪು ಬಾಲವಷ್ಟೇ, ‘ಎಲ್ಲಿ ಎಲ್ಲಿ’ ಎನ್ನುವಷ್ಟರಲ್ಲಿ ಬಸ್ಸು ಮುಂದೆ. ಪ್ರಾಣಿಯೇ ಬೇಕೆನ್ನುವ ಮಕ್ಕಳಿಗೆ ಆ ದೂರದ ಪ್ರಯಾಣಕ್ಕೆ ಬೆಲೆಯಿದೆ.

ಸಫಾರಿಗಿಂತಲೂ ನನಗೆ ಹಿಡಿಸಿದ್ದು ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಬಂಡೀಪುರದ ಕಾಡಿನೊಳಗೇ, 1,450 ಮೀಟರಿನಷ್ಟು ಎತ್ತರದಲ್ಲಿದೆ. ಖಾಸಗಿ ವಾಹನಗಳನ್ನು ಮೇಲೆ ಬಿಡುವುದಿಲ್ಲ. ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ ಎಲ್ಲರೂ ಕೆಎಸ್‌ಆರ್‌ಟಿಸಿ ಬಸ್ಸನ್ನೇ ಹತ್ತಬೇಕು. ಇನ್ನೋವಾದಲ್ಲಿ ಬಂದವರೂ ನಮ್ಮ ಜೊತೆ ಕಂಬಿ ಹಿಡಿದುಕೊಂಡು ನಿಂತಿದ್ದನ್ನು ಕಂಡು ಸಣ್ಣ ಸಂತೋಷವಾದದ್ದು ಸುಳ್ಳಲ್ಲ.

ಒಂದು ಎಚ್ಚರಿಕೆ ಇದೆ. ಹುಲಿ ದಾಳಿಗಳಲ್ಲಿ ಜನ ಸತ್ತ ಮೇಲೆ 2025ರ ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆಗಳ ಸಫಾರಿಯನ್ನು ಸರ್ಕಾರ ನಿಲ್ಲಿಸಿತ್ತು. ಇಷ್ಟು ದೂರ ಮಕ್ಕಳನ್ನು ಕರೆದುಕೊಂಡು ಹೋಗಿ ಮುಚ್ಚಿದ ಕೌಂಟರ್ ನೋಡುವ ಬದಲು, ಹೊರಡುವ ವಾರ ಸಫಾರಿ ಇದೆಯೇ ಎಂದು ವಿಚಾರಿಸಿಕೊಂಡೇ ಬಸ್ಸಿನ ಸೀಟು ಕಾದಿರಿಸಿ. ನಾಗರಹೊಳೆಯನ್ನು ನಾನು ಹೋಲಿಕೆಗೆ ತಂದಿಲ್ಲ. ಹುಣಸೂರು ದಾರಿಯಲ್ಲೇ ಸಿಕ್ಕರೂ ಅಲ್ಲಿಂದ ಗೇಟಿನ ತನಕ ಮತ್ತೊಂದು ವಾಹನ ಹುಡುಕಬೇಕು. ಇಬ್ಬರು ಮಕ್ಕಳು, ಮೂರು ಚೀಲ ಹಿಡಿದುಕೊಂಡು ಅದಕ್ಕೆ ಕೈ ಹಾಕುವ ಧೈರ್ಯ ಬರಲಿಲ್ಲ.

ಖರ್ಚಿನಲ್ಲಿ ಕರಾವಳಿಯವರಿಗೆ ಒಂದು ತಮಾಷೆಯಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ, ಹುಡುಗಿಯರಿಗೆ ಟಿಕೆಟ್ ಇಲ್ಲ. ಆದರೆ ನಮ್ಮ ಜಿಲ್ಲೆಗಳಲ್ಲಿ ಹೆಚ್ಚು ಓಡುವುದು ಖಾಸಗಿ ಬಸ್ಸು. ಹಾಗಾಗಿ ಅತಿ ದೂರದ ಬಂಡೀಪುರಕ್ಕೆ ಅತ್ತೆ, ನಾನು, ಮಗಳು ಆಧಾರ್ ತೋರಿಸಿ ಪುಕ್ಕಟೆ ಹೋದೆವು, ಆರು ತುಂಬದ ಮಗನಿಗೂ ಟಿಕೆಟ್ ಇಲ್ಲ, ದುಡ್ಡು ಕೊಟ್ಟದ್ದು ಗಂಡ ಒಬ್ಬರೇ. ಅತಿ ಹತ್ತಿರದ ಆಗುಂಬೆಯ ಮಿನಿಬಸ್ಸಿನಲ್ಲಿ ಎಲ್ಲರಿಗೂ ಟಿಕೆಟ್. ರಾಜಹಂಸ, ಐರಾವತಗಳಿಗೆ ಶಕ್ತಿ ಅನ್ವಯಿಸುವುದಿಲ್ಲ ಎಂಬುದು ನೆನಪಿರಲಿ.

ಕಾಲ ನೋಡುವುದಾದರೆ ಕುದುರೆಮುಖಕ್ಕೆ ದಸರಾ ರಜೆಯೇ ಸರಿ. ಹುಲ್ಲು ಹಸಿರಾಗಿರುತ್ತದೆ, ಮಳೆ ಬಿಟ್ಟಿರುತ್ತದೆ. ಏಪ್ರಿಲ್ ರಜೆಯಲ್ಲಿ ಗುಡ್ಡಗಳು ಒಣಗಿ ಕಂದು. ಆಗ ಬಂಡೀಪುರದ ಕೆರೆಗಳ ಬಳಿ ಪ್ರಾಣಿ ಕಾಣುವ ಸಾಧ್ಯತೆ ಹೆಚ್ಚು. ಮಳೆಗಾಲದಲ್ಲಿ ಎರಡೂ ಘಾಟಿಗಳಲ್ಲಿ ಇಂಬಳ. ಮಕ್ಕಳ ಕಾಲಿಗೆ ಉದ್ದ ಸಾಕ್ಸು, ಜೇಬಿನಲ್ಲಿ ಒಂದು ಚಿಟಿಕೆ ಉಪ್ಪು. ಜಿಲ್ಲಾಧಿಕಾರಿ ಮಳೆ ರಜೆ ಕೊಟ್ಟ ದಿನವೇ ಘಾಟಿ ನೋಡಲು ಹೊರಡುವ ಮಹಾನುಭಾವರೂ ನಮ್ಮಲ್ಲಿದ್ದಾರೆ. ರಜೆ ಕೊಟ್ಟದ್ದು ಯಾಕೆಂದು ಅವರಿಗೆ ಯಾರು ಹೇಳಬೇಕೋ!

ನನ್ನ ಆಯ್ಕೆ ಮಕ್ಕಳ ವಯಸ್ಸಿನ ಮೇಲೆ ನಿಂತಿದೆ. ಐದರೊಳಗಿನವರಿದ್ದರೆ ಆಗುಂಬೆ, ಬೆಳಗಿನ ಹೊತ್ತು ಮಾತ್ರ. ಎಂಟು ದಾಟಿ, ಬಸ್ಸಿನಲ್ಲಿ ಹೊಟ್ಟೆ ಗಟ್ಟಿಯಿದ್ದು, ಮೂರು ದಿನ ರಜೆಯಿದ್ದರೆ ಬಂಡೀಪುರ, ಗೋಪಾಲಸ್ವಾಮಿ ಬೆಟ್ಟ ಸೇರಿಸಿಯೇ. ಎರಡೂ ವಯಸ್ಸಿನವರು, ಜೊತೆಗೆ ಅಜ್ಜಿಯೂ ಇದ್ದು ರಾತ್ರಿ ಮನೆಗೇ ಬರಬೇಕೆಂದರೆ ಕುದುರೆಮುಖ ದಾಟಿ ಹೊರನಾಡು. ಮುಂದಿನ ರಜೆಗೆ ಮಗನ ಮತ ಆನೆಗೆ, ಮಗಳದ್ದು ಕೊಳವೆಯ ಗುಡ್ಡಕ್ಕೆ. ಅತ್ತೆಯ ಮತ ಹೊರನಾಡಿನ ಊಟಕ್ಕೆ ಬಿದ್ದದ್ದರಿಂದ ಕಳಸದ ಸರ್ಕಾರಿ ಬಸ್ಸಿನ ವೇಳೆ ಈಗಾಗಲೇ ಕೇಳಿಟ್ಟುಕೊಂಡಿದ್ದೇನೆ.