ನಮ್ಮ ಎಂಪಿ ದೆಹಲಿಯಲ್ಲಿ ಏನು ಮಾಡ್ತಾರೆ? ಎಂಪಿ ಟ್ರ್ಯಾಕ್ ಬಗ್ಗೆ ಹಳೇ ಬಳಕೆದಾರನ ವಿಮರ್ಶೆ

ಲೋಕಸಭೆ ಚುನಾವಣೆ ಹತ್ತಿರ ಬಂತು ಅಂದ್ರೆ ವಾಟ್ಸಾಪ್‌ನಲ್ಲಿ ಒಂದು ಥರದ ಪೋಸ್ಟರ್ ಓಡಾಡಲು ಶುರುವಾಗುತ್ತದೆ. ಎಂಪಿ ಫೋಟೊ, ಪಕ್ಕದಲ್ಲಿ ಹಾಜರಾತಿ ಶೇಕಡಾ ಇಷ್ಟು, ಕೇಳಿದ ಪ್ರಶ್ನೆ ಇಷ್ಟು, ಚರ್ಚೆ ಇಷ್ಟು. ಅಭಿಮಾನಿಗಳು ಮಾಡಿದ್ದಾದರೆ ಸುತ್ತ ಹೂವಿನ ಅಂಚು. ಎದುರಾಳಿಗಳು ಮಾಡಿದ್ದಾದರೆ ಕೆಂಪು ಬಣ್ಣದಲ್ಲಿ "ಇವರು ಬೇಕಾ?" ಎರಡೂ ಕಡೆಯವರು ಅಂಕಿ ಎತ್ತಿಕೊಳ್ಳುವುದು ಹೆಚ್ಚಾಗಿ ಒಂದೇ ಜಾಗದಿಂದ. ಅದು ದೆಹಲಿಯ ಪಿಆರ್‌ಎಸ್ ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯ ವೆಬ್ ತಾಣದಲ್ಲಿರುವ ಎಂಪಿ ಟ್ರ್ಯಾಕ್.

ಪಿಆರ್‌ಎಸ್ ಶುರುವಾಗಿದ್ದು 2005ರಲ್ಲಿ. ನಾನು ಎಂಪಿ ಟ್ರ್ಯಾಕ್ ನೋಡಲು ಶುರು ಮಾಡಿದ್ದು 15ನೇ ಲೋಕಸಭೆ (2009–14) ಕಾಲದಲ್ಲಿ, ನಮ್ಮೂರಿನ ರೈಲು ಪ್ರಯಾಣಿಕರ ಬಳಗದ ಕೆಲಸಕ್ಕೆ. ನಮ್ಮ ಸ್ಟೇಷನ್ ವಿಷಯವನ್ನು ಎಂಪಿ ಯಾವಾಗಲಾದರೂ ಸದನದಲ್ಲಿ ಎತ್ತಿದ್ದಾರಾ ಅಂತ ತಿಳಿಯಬೇಕಿತ್ತು, ಅಷ್ಟೇ. ಆಮೇಲೆ ಬಿಡಲಿಲ್ಲ. ದುಡ್ಡಿಲ್ಲ, ಲಾಗಿನ್ ಇಲ್ಲ. ಕ್ಷೇತ್ರದ ಹೆಸರು ಹಾಕಿದರೆ ಎಂಪಿ ಪುಟ ಬರುತ್ತದೆ. ಹಾಜರಾತಿ, ಚರ್ಚೆ, ಪ್ರಶ್ನೆ, ಖಾಸಗಿ ಮಸೂದೆ (ಮಂತ್ರಿ ಅಲ್ಲದ ಸಂಸದರು ತರುವ ಮಸೂದೆ) ಎಲ್ಲವೂ ಅಲ್ಲೇ. ಪಕ್ಕದಲ್ಲಿ ರಾಷ್ಟ್ರದ ಸರಾಸರಿ, ರಾಜ್ಯದ ಸರಾಸರಿ. ಬಳಸುವುದು ಸುಲಭ, ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ.

ಹೇಳಬೇಕಾದದ್ದು ಆ ಅಂಕಿಗಳನ್ನು ಹೇಗೆ ಓದಬೇಕು ಅನ್ನೋದು. ಎಲ್ಲರೂ ಮೊದಲು ನೋಡುವ ಹಾಜರಾತಿ ಇದೆಯಲ್ಲ, ನನ್ನ ಪ್ರಕಾರ ಅದಕ್ಕೇ ಎಲ್ಲಕ್ಕಿಂತ ಕಮ್ಮಿ ಬೆಲೆ.

ಹಾಜರಾತಿ ಅಂದರೆ ಸಹಿ. ಬಂದು ಸಹಿ ಹಾಕಿದರೆ ಆ ದಿನದ ಲೆಕ್ಕ ಮುಗೀತು, ದಿನಭತ್ಯೆಯೂ ಅದಕ್ಕೇ ಸಿಗುವುದು. ಈ ಭತ್ಯೆ 2025ರಲ್ಲಿ 2,000ದಿಂದ 2,500 ರೂಪಾಯಿಗೆ ಏರಿತು. ಸಹಿ ಹಾಕಿದವರು ಒಳಗೆ ಎಷ್ಟು ಹೊತ್ತು ಕೂತಿದ್ದರು ಅನ್ನೋದು ಈ ಲೆಕ್ಕಕ್ಕೆ ಬರುವುದಿಲ್ಲ. 17ನೇ ಲೋಕಸಭೆಯ ಸರಾಸರಿ ಹಾಜರಾತಿ ಶೇ. 79. ಅದೇ ಸದನದಲ್ಲಿ ಐದು ವರ್ಷ ಒಂದು ಚರ್ಚೆಯಲ್ಲೂ ಬಾಯಿಬಿಡದ ಒಂಬತ್ತು ಮಂದಿ ಇದ್ದರು ಅಂತ 2024ರ ಆರಂಭದಲ್ಲಿ ಪತ್ರಿಕೆಗಳು ಬರೆದಿದ್ದವು. ಅವರಲ್ಲಿ ನಾಲ್ವರು ನಮ್ಮ ರಾಜ್ಯದವರೇ. ಕೆಲವರು ಬರಹದ ಮೂಲಕ ಭಾಗವಹಿಸಿದ್ದರು ಅನ್ನೋದನ್ನೂ ಹೇಳಬೇಕು.

ಹಾಗಂತ ಹಾಜರಾತಿ ಪೂರ್ತಿ ಕಸ ಅಲ್ಲ. ತೀರಾ ಕೆಳಗಿದ್ದಾಗ ಅದು ಮಾತಾಡುತ್ತದೆ. ಸಚಿನ್ ತೆಂಡೂಲ್ಕರ್ 2012ರಿಂದ 2018ರವರೆಗೆ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದರು, ಹಾಜರಾತಿ ಶೇ. 8ರ ಆಸುಪಾಸು. ಅಲ್ಲಿ ಬೇರೆ ವಿವರಣೆ ಬೇಕಿಲ್ಲ. ಆದರೆ ಶೇ. 80ಕ್ಕೂ ಶೇ. 90ಕ್ಕೂ ನಡುವೆ ಒಬ್ಬರು ಮೇಲು ಇನ್ನೊಬ್ಬರು ಕೀಳು ಅಂತ ಜಗಳ ಆಡುವುದಿದೆಯಲ್ಲ, ಅದು ಸುಮ್ನೆ ಟೈಂಪಾಸ್.

ಇನ್ನೊಂದು ಗೊಂದಲ ಪ್ರತಿ ಸಲ ಎದುರಾಗುತ್ತದೆ. ಮಂತ್ರಿಗಳ ಪುಟದಲ್ಲಿ ಹಾಜರಾತಿ, ಪ್ರಶ್ನೆ ಎರಡೂ ಖಾಲಿ. "ನೋಡಿ, ಒಂದು ಪ್ರಶ್ನೆಯೂ ಕೇಳಿಲ್ಲ" ಅಂತ ಅದನ್ನೇ ಸ್ಕ್ರೀನ್‌ಶಾಟ್ ತೆಗೆದು ಹಾಕುತ್ತಾರೆ. ಮಂತ್ರಿ ಉತ್ತರ ಕೊಡುವವರು, ಕೇಳುವವರಲ್ಲ. ಅವರು ಸಹಿ ಹಾಕುವ ಅಗತ್ಯವೂ ಇಲ್ಲ. ಪ್ರಲ್ಹಾದ ಜೋಶಿ, ಕುಮಾರಸ್ವಾಮಿ, ಶೋಭಾ ಕರಂದ್ಲಾಜೆ, ಸೋಮಣ್ಣ, ನಮ್ಮ ರಾಜ್ಯದಿಂದಲೇ ರಾಜ್ಯಸಭೆಗೆ ಹೋದ ನಿರ್ಮಲಾ ಸೀತಾರಾಮನ್ ಎಲ್ಲರದೂ ಇದೇ ಕಥೆ. ವಿರೋಧ ಪಕ್ಷದ ನಾಯಕರಿಗೂ ಸಹಿಯಿಂದ ವಿನಾಯಿತಿ ಇದೆ, ಹಾಗಾಗಿ ಖರ್ಗೆಯವರ ಹಾಜರಾತಿ ಹುಡುಕಿಯೂ ಪ್ರಯೋಜನವಿಲ್ಲ. ಇವರನ್ನೆಲ್ಲ ಅಳೆಯಲು ಬೇರೆ ದಾರಿ ಬೇಕು, ಎಂಪಿ ಟ್ರ್ಯಾಕ್ ಅದಕ್ಕಲ್ಲ.

ಈಗ ಪ್ರಶ್ನೆಗಳಿಗೆ ಬರೋಣ. ನಾನು ಇಷ್ಟು ವರ್ಷ ಇದನ್ನು ಬಳಸುತ್ತಿರುವುದೇ ಇದಕ್ಕಾಗಿ.

ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆ. ಚುಕ್ಕೆ ಇದ್ದದ್ದಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಮೇಲೆ ಉಪಪ್ರಶ್ನೆಗಳನ್ನೂ ಕೇಳಬಹುದು. ಉಳಿದದ್ದಕ್ಕೆ ಲಿಖಿತ ಉತ್ತರ. ಯಾರ ಪ್ರಶ್ನೆ ಸೇರುತ್ತದೆ ಅನ್ನೋದನ್ನು ಲಾಟರಿ ಎತ್ತಿ ತೀರ್ಮಾನಿಸುತ್ತಾರೆ. ಹಾಗಾಗಿ ಒಬ್ಬರದು 300, ಇನ್ನೊಬ್ಬರದು 350 ಅನ್ನೋದರಲ್ಲಿ ಅದೃಷ್ಟವೂ ಸೇರಿದೆ. ಒಂದೇ ಪ್ರಶ್ನೆಯನ್ನು ಇಬ್ಬರು ಮೂವರು ಕಳಿಸಿದ್ದರೆ ಒಟ್ಟು ಸೇರಿಸಿ ಒಂದೇ ಉತ್ತರ ಕೊಡುತ್ತಾರೆ, ಲೆಕ್ಕ ಮಾತ್ರ ಎಲ್ಲರ ಖಾತೆಗೂ. ಇನ್ನು ಪ್ರಶ್ನೆ ಹೇಗೆ ಬಂತು ಅನ್ನೋದು ಸಂಖ್ಯೆ ನೋಡಿದರೆ ಗೊತ್ತಾಗಲ್ಲ. ದುಡ್ಡು ತಗೊಂಡು ಪ್ರಶ್ನೆ ಕೇಳಿದ್ದಕ್ಕೆ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಮನೆಗೆ ಕಳಿಸಿದ್ದು ನೆನಪಿರಬಹುದು. ಆ ಪ್ರಶ್ನೆಗಳೂ ಲೆಕ್ಕದಲ್ಲಿ ಪ್ರಶ್ನೆಗಳೇ.

ಅದಕ್ಕೇ ಸಂಖ್ಯೆ ಬಿಡಿ, ಪಟ್ಟಿ ಓದಿ. ಎಂಪಿ ಪುಟದಲ್ಲಿ ಪ್ರತಿ ಪ್ರಶ್ನೆಯ ದಿನಾಂಕ, ಶೀರ್ಷಿಕೆ, ಸಚಿವಾಲಯ ಸಿಗುತ್ತದೆ. ಅದರಲ್ಲಿ ಕ್ಷೇತ್ರದ್ದು ಎಷ್ಟು, ಪತ್ರಿಕೆಯಲ್ಲಿ ಬಂದ ಸುದ್ದಿ ನೋಡಿ ಕೇಳಿದ್ದು ಎಷ್ಟು ಅಂತ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಅಡಿಕೆ ಬೆಳೆಯುವ ಕ್ಷೇತ್ರದ ಎಂಪಿ ಅಡಿಕೆ ಆಮದಿನ ಬಗ್ಗೆ ವಾಣಿಜ್ಯ ಸಚಿವಾಲಯವನ್ನು ಕೇಳಿದ್ದಾರಾ? ಎಲೆಚುಕ್ಕಿ ರೋಗದ ಬಗ್ಗೆ ಕೃಷಿ ಸಚಿವಾಲಯವನ್ನು ಕೇಳಿದ್ದಾರಾ? ಎರಡೂ ಇದ್ದರೆ ಅವರ ಆಫೀಸಿನಲ್ಲಿ ಯಾರೋ ಕೆಲಸ ಮಾಡುತ್ತಿದ್ದಾರೆ ಅಂತ ಅರ್ಥ.

ಪೂರ್ತಿ ಉತ್ತರಕ್ಕೆ ಸಂಸತ್ತಿನದೇ ತಾಣ ಸಂಸದ್ ಡಾಟ್ ಇನ್‌ಗೆ ಹೋಗಬೇಕು. ಅಲ್ಲಿ ಉತ್ತರಗಳ ಪಿಡಿಎಫ್ ಇರುತ್ತದೆ. ರೈಲ್ವೆ ಉತ್ತರಗಳನ್ನು ನಾನು ಓದಿ ಓದಿ ಬಾಯಿಪಾಠ ಆಗಿದೆ. ಕೇಳಿದ್ದು ಒಂದು ಹಳ್ಳಿಯ ಕೆಳಸೇತುವೆ ಆಗಿರಬಹುದು. ಉತ್ತರ ಶುರುವಾಗುವುದು ಹೀಗೆ: ರೈಲ್ವೆ ಯೋಜನೆಗಳು ವಲಯವಾರು ಮಂಜೂರಾಗುತ್ತವೆ, ರಾಜ್ಯವಾರು ಅಲ್ಲ. ಅಲ್ಲಿಂದ ಮುಂದೆ, ರಾಜ್ಯವಾರು ಅಲ್ಲ ಅಂದ ಅದೇ ಉತ್ತರದಲ್ಲಿ ರಾಜ್ಯದ ಲೆಕ್ಕ: ಕರ್ನಾಟಕಕ್ಕೆ 2009-14ರಲ್ಲಿ ವರ್ಷಕ್ಕೆ ಸರಾಸರಿ 835 ಕೋಟಿ, 2025-26ರಲ್ಲಿ 7,564 ಕೋಟಿ. ಕೊನೆಗೆ, ಕೆಲಸ ಮುಗಿಯುವುದು ರಾಜ್ಯ ಸರ್ಕಾರ ಭೂಮಿ ಕೊಡುವುದರ ಮೇಲೆ, ಅರಣ್ಯ ಇಲಾಖೆ ಒಪ್ಪಿಗೆ ಮೇಲೆ, ಹೀಗೆ ಹಲವು ಸಂಗತಿಗಳ ಮೇಲೆ ನಿಂತಿದೆ ಅನ್ನುವ ಉದ್ದದ ವಾಕ್ಯ. ಕೆಳಸೇತುವೆ? ಅದನ್ನು ಹುಡುಕಬೇಕು.

ಆದರೂ ಕೈಬಿಡಬೇಡಿ. ಎಂಪಿ ನಿರ್ದಿಷ್ಟವಾಗಿ ಕೇಳಿದ್ದರೆ ಪಟ್ಟಿಯೊಳಗೆ ಒಳ್ಳೆಯ ಮಾಹಿತಿ ಸಿಗುತ್ತದೆ. ತುಮಕೂರು–ದಾವಣಗೆರೆ ಮಾರ್ಗದಂಥದ್ದಕ್ಕೆ ಒಟ್ಟು ಎಷ್ಟು ಜಮೀನು ಬೇಕು, ಎಷ್ಟು ಕೈಗೆ ಬಂದಿದೆ, ಈವರೆಗೆ ಖರ್ಚೆಷ್ಟು ಅಂತ. ವೇದಿಕೆ ಮೇಲೆ ಎಂಪಿ ಒಂದು ಹೇಳುತ್ತಾರೆ, ಜಿಲ್ಲಾಡಳಿತ ಇನ್ನೊಂದು ಹೇಳುತ್ತದೆ. ಈ ಪಟ್ಟಿ ಹಿಡಿದುಕೊಂಡು ಹೋದರೆ ಇಬ್ಬರೂ ಸ್ವಲ್ಪ ಹುಷಾರಾಗಿ ಮಾತಾಡುತ್ತಾರೆ. "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಅಂತ ಉತ್ತರ ಬಂದಿದ್ದರೆ ಅದನ್ನು ಭರವಸೆ ಅಂತ ಲೆಕ್ಕಕ್ಕೆ ತಗೊಳ್ತಾರೆ. ಮೂರು ತಿಂಗಳೊಳಗೆ ಈಡೇರಿಸಬೇಕು, ನೋಡಿಕೊಳ್ಳಲು ಒಂದು ಸಮಿತಿಯೇ ಇದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ನಿಲುವಿನ ವಿಷಯಕ್ಕೆ ಬಂದರೆ ಈ ಸೇವೆ ನನ್ನನ್ನು ಅರ್ಧ ದಾರಿಯಲ್ಲಿ ಬಿಡುತ್ತದೆ. ನಮ್ಮ ಎಂಪಿ ಯಾವ ಮಸೂದೆಗೆ ಹೌದು ಅಂದರು, ಯಾವುದಕ್ಕೆ ಇಲ್ಲ ಅಂದರು? ಎಂಪಿ ಪುಟದಲ್ಲಿ ಮತದ ಕಾಲಮ್ಮೇ ಇಲ್ಲ. ಪಿಆರ್‌ಎಸ್‌ನವರನ್ನು ದೂರಿ ಫಲವಿಲ್ಲ, ಇರುವ ದಾಖಲೆಯೇ ಅಷ್ಟು. ನಮ್ಮ ಸಂಸತ್ತಿನಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ಹೌದು ಅನ್ನುವವರು ಹೌದು ಅಂತ ಕೂಗಬೇಕು, ಇಲ್ಲ ಅನ್ನುವವರು ಇಲ್ಲ ಅಂತ ಕೂಗಬೇಕು. ಯಾರು ಕೂಗಿದರು ಅನ್ನೋದು ಎಲ್ಲೂ ಬರೆದಿರುವುದಿಲ್ಲ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಪಾಸಾಗಿದ್ದೂ ಹಾಗೇ. ಮತಕ್ಕೆ ಹಾಕಿ ಅಂತ ವಿರೋಧ ಪಕ್ಷದವರು ಕೇಳಿದರೂ ಆಗಲಿಲ್ಲ. ಅಷ್ಟು ದೊಡ್ಡ ರೈತ ಚಳವಳಿಗೆ ಕಾರಣವಾದ ಕಾನೂನಿಗೆ ಆ ದಿನ ಯಾರ ಮತ ಎತ್ತ ಅನ್ನುವ ಪಟ್ಟಿಯೇ ಇಲ್ಲ.

ಮತ ವಿಭಜನೆ, ಅಂದರೆ ಒಬ್ಬೊಬ್ಬರ ಮತ ದಾಖಲಿಸಿ ಎಣಿಸುವುದು, ಆದಾಗ ಹೆಸರು ಸಿಗುತ್ತದೆ. ಮಹಿಳಾ ಮೀಸಲಾತಿ ಮಸೂದೆಗೆ 2023ರಲ್ಲಿ ಲೋಕಸಭೆಯಲ್ಲಿ 454 ಪರ, 2 ವಿರುದ್ಧ. ವಕ್ಫ್ ತಿದ್ದುಪಡಿಗೆ 2025ರಲ್ಲಿ 288 ಮತ್ತು 232. ಇಂಥ ದಿನದ ಕಲಾಪ ತೆರೆದರೆ ನಿಮ್ಮ ಎಂಪಿ ಹೆಸರು ಯಾವ ಕಡೆ ಇದೆ ನೋಡಬಹುದು. ಅದು ಅವರ ಸ್ವಂತ ನಿಲುವಾ ಅನ್ನೋದು ಬೇರೆ ಮಾತು. 1985ರ ಪಕ್ಷಾಂತರ ನಿಷೇಧ ಕಾನೂನು ಬಂದ ಮೇಲೆ ವಿಪ್ (ಹೀಗೇ ಮತ ಹಾಕಿ ಅನ್ನುವ ಪಕ್ಷದ ಆದೇಶ) ಮೀರಿ ಮತ ಹಾಕಿದರೆ ಸೀಟಿಗೇ ಕುತ್ತು. ಈ ಕಟ್ಟನ್ನು ಸ್ವಲ್ಪ ಸಡಿಲ ಮಾಡಿ ಅಂತ ಕಾಂಗ್ರೆಸ್‌ನ ಮನೀಶ್ ತಿವಾರಿ ಒಂದಕ್ಕಿಂತ ಹೆಚ್ಚು ಸಲ ಖಾಸಗಿ ಮಸೂದೆ ತಂದಿದ್ದಾರೆ.

ಖಾಸಗಿ ಮಸೂದೆ ಕಾಲಮ್ಮನ್ನು ನಾನು ಬಿಡದೆ ನೋಡುವುದು ಅದಕ್ಕೇ. ಅವು ಕಾನೂನಾಗುವುದಿಲ್ಲ, ನಿಜ. ಸ್ವಾತಂತ್ರ್ಯ ಬಂದಮೇಲೆ ಆಗಿದ್ದು 14 ಮಾತ್ರ, ಕೊನೆಯದು 1970ರಲ್ಲಿ. ಆದರೆ ವಿಪ್‌ನ ಹಂಗಿಲ್ಲದೆ ಒಬ್ಬ ಸಂಸದನ ತಲೆಯಲ್ಲಿ ಏನಿದೆ ಅಂತ ಕಾಣುವುದು ಅಲ್ಲಿ. ಡಿಎಂಕೆಯ ತಿರುಚಿ ಶಿವಾ ಅವರ ಲಿಂಗಪರಿವರ್ತಿತರ ಹಕ್ಕುಗಳ ಮಸೂದೆ 2015ರಲ್ಲಿ ರಾಜ್ಯಸಭೆಯಲ್ಲಿ ಪಾಸಾಗಿತ್ತು, ಲೋಕಸಭೆ ದಾಟಲಿಲ್ಲ. ಸರ್ಕಾರ ತನ್ನದೇ ಕಾಯ್ದೆ ತಂದಿದ್ದು 2019ರಲ್ಲಿ.

ಸಮಿತಿ ಕೆಲಸವೂ ಪುಟದಲ್ಲಿ ಕಾಣಿಸಲ್ಲ. ಸ್ಥಾಯಿ ಸಮಿತಿ ವರದಿಯ ಹಿಂದೆ ಸಭೆಯ ನಡಾವಳಿ ಅಂಟಿಸಿರುತ್ತಾರೆ, ಯಾರು ಬಂದಿದ್ದರು ಅಂತ ಅಲ್ಲಿ ಇರುತ್ತದೆ. ತಾಳ್ಮೆ ಇದ್ದವರಿಗೆ ಮಾತ್ರ.

ಕನ್ನಡದ ಮಾತು. ಎಂಪಿ ಟ್ರ್ಯಾಕ್ ಇಂಗ್ಲಿಷ್‌ನಲ್ಲಿ, ಸಂಸತ್ತಿನ ತಾಣ ಹಿಂದಿ ಮತ್ತು ಇಂಗ್ಲಿಷ್‌ನಲ್ಲಿ. ಶಿವಮೊಗ್ಗದಿಂದ 1967ರಲ್ಲಿ ಗೆದ್ದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಸಲ ಕನ್ನಡದಲ್ಲಿ ಮಾತಾಡಿದರು, ನಮಗೆಲ್ಲ ಹೆಮ್ಮೆ. ಇವತ್ತು ಅಲ್ಲಿ ಯಾರಾದರೂ ಕನ್ನಡದಲ್ಲಿ ಮಾತಾಡಿದರೆ ಕಲಾಪದ ಪುಸ್ತಕದಲ್ಲಿ ಸಿಗುವುದು ಇಂಗ್ಲಿಷ್ ಅನುವಾದ, ಕೆಳಗೆ "ಮೂಲ ಕನ್ನಡ" ಅನ್ನೋ ಅರ್ಥದ ಒಂದು ಸಾಲು. ಕನ್ನಡ ಪದ ಹಾಕಿ ಹುಡುಕಿದರೆ ಏನೂ ಬರಲ್ಲ. ವಿಡಿಯೊ ನೋಡುವುದೇ ವಾಸಿ.

ಆಸ್ತಿ, ಕೇಸು ಬೇಕಿದ್ದರೆ ಚುನಾವಣೆಗಳ ಮೇಲೆ ಕಣ್ಣಿಡುವ ಎಡಿಆರ್ ಸಂಸ್ಥೆಯ ಮೈನೇತಾ ತಾಣ ನೋಡಿ. ಸುಪ್ರೀಂ ಕೋರ್ಟ್‌ನ 2002ರ ತೀರ್ಪಿನಿಂದ ಅಭ್ಯರ್ಥಿಗಳು ಅಫಿಡವಿಟ್ ಕೊಡುವಂತಾಯಿತು, ಅದನ್ನೇ ಅವರು ಜೋಡಿಸಿಟ್ಟಿದ್ದಾರೆ. 2024ರಲ್ಲಿ ಗೆದ್ದ 543 ಮಂದಿಯಲ್ಲಿ 504 ಕೋಟ್ಯಧಿಪತಿಗಳು, 251 ಮಂದಿ ಮೇಲೆ ಕ್ರಿಮಿನಲ್ ಕೇಸು. ಕೇಸು ಇದ್ದ ಮಾತ್ರಕ್ಕೆ ಅಪರಾಧಿ ಅಲ್ಲ, ಕಲಂ ಯಾವುದು ಅಂತ ನೋಡಿ. ಪ್ರತಿಭಟನೆಯ ಕೇಸೇ ಬೇರೆ, ವಂಚನೆಯ ಕೇಸೇ ಬೇರೆ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ, ಪ್ರಶ್ನೆಗಳ ಪಟ್ಟಿಗಾಗಿ. ಪೋಸ್ಟರ್ ಮಾಡುವವರು ಮೊದಲ ಪುಟದಲ್ಲೇ ನಿಲ್ಲುತ್ತಾರೆ, ನೀವು ಕೆಳಗೆ ಇಳಿಯಿರಿ. ಊರಿನ ಕೆಲಸಕ್ಕೆ ಬಳಸುವವರಿಗೆ ಒಂದು ಸಲಹೆ: ಅಧಿವೇಶನದ ದಿನಾಂಕ ಪ್ರಕಟವಾದ ಕೂಡಲೇ ನಿಮ್ಮ ಪ್ರಶ್ನೆಯನ್ನು ಒಂದೇ ವಿಷಯಕ್ಕೆ ಸೀಮಿತ ಮಾಡಿ, ಹಳೇ ಉತ್ತರದ ಸಂಖ್ಯೆ, ದಿನಾಂಕ ನಮೂದಿಸಿ ಎಂಪಿಯವರ ಪಿಎ ಕೈಗೆ ಕೊಡಿ. ಪ್ರಶ್ನೆಗೆ 15 ದಿನ ಮೊದಲೇ ನೋಟಿಸ್ ಹೋಗಬೇಕು. ಅಧಿವೇಶನ ಶುರುವಾಗಿ ಎರಡು ವಾರ ಆದಮೇಲೆ ಕೊಟ್ಟರೆ "ಮುಂದಿನ ಸಲ ನೋಡೋಣ ಸಾರ್" ಅಂತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ.