ಪಿಎಸ್4 ಡಿಸ್ಕ್‌ಗೆ ಟೂತ್‌ಪೇಸ್ಟ್ ಹಚ್ಚಬೇಡಿ

ದೀಪಾವಳಿ ರಜೆಗೆ ಗದಗಿನಿಂದ ಅಕ್ಕನ ಮಗ ಧಾರವಾಡಕ್ಕೆ ನಮ್ಮ ಮನೆಗೆ ಬಂದಿದ್ದ. ಬರುವಾಗ ತನ್ನ ಪಿಎಸ್4 (ಟಿವಿಗೆ ಜೋಡಿಸಿ ಆಡುವ ಪ್ಲೇಸ್ಟೇಷನ್ 4 ಗೇಮ್ ಮಷಿನ್) ಕ್ರಿಕೆಟ್ ಆಟದ ಡಿಸ್ಕ್ ತಂದಿದ್ದ. ತಿಂಗಳುಗಟ್ಟಲೆ ದುಡ್ಡು ಕೂಡಿಸಿ ತಗೊಂಡಿದ್ದು. ನಮ್ಮ ಮನೆಯ ಪಿಎಸ್4ಗೆ ಹಾಕಿದರೆ ಇನ್‌ಸ್ಟಾಲ್ ಅರ್ಧಕ್ಕೇ ನಿಂತುಬಿಟ್ಟಿತು. ತೆಗೆದು ಬೆಳಕಿಗೆ ಹಿಡಿದೆ. ಕೂದಲೆಳೆಯಷ್ಟು ಸಣ್ಣ ಗೀರು, ಅಷ್ಟೇ.

ನನಗೆ ಪಿಎಸ್2 ಕಾಲದ ಉಪಾಯ ನೆನಪಾಯಿತು. ಆಗ ಗೀರು ಬಿದ್ದ ಡಿಸ್ಕ್‌ಗೆ ಬಿಳಿ ಪೇಸ್ಟ್ ಹಚ್ಚಿ ತಿಕ್ಕಿ ತೊಳೆದರೆ ಎಷ್ಟೋ ಸಲ ಮತ್ತೆ ಓಡುತ್ತಿತ್ತು. "ತಡಿ, ಐದು ನಿಮಿಷದಾಗ ಸರಿ ಮಾಡ್ತೀನಿ" ಅಂದೆ. ಬಚ್ಚಲಲ್ಲಿ ನಿಂತು, ಬಟಾಣಿ ಕಾಳಿನಷ್ಟು ಪೇಸ್ಟ್ ಹಾಕಿ ಹತ್ತಿಯಿಂದ ತಿಕ್ಕಿದೆ. ಹುಡುಗ ಪಕ್ಕದಲ್ಲೇ ಟವೆಲ್ ಹಿಡಿದು ನಿಂತಿದ್ದ. ತೊಳೆದು ನೋಡಿದರೆ ಕನ್ನಡಿಯಂತಿದ್ದ ಜಾಗ ಮಸುಕಾಗಿತ್ತು, ಚಳಿಗಾಲದ ಬೆಳಿಗ್ಗೆ ಬಸ್ಸಿನ ಗಾಜು ಇರುತ್ತದಲ್ವಾ, ಹಾಗೆ. ಗೀರು ಹಾಗೇ ಇತ್ತು. ಸುತ್ತ ಇನ್ನಷ್ಟು ಸಣ್ಣ ಗೆರೆಗಳು ಎದ್ದಿದ್ದವು. ಮತ್ತೆ ಹಾಕಿದಾಗ ಡಿಸ್ಕ್ ಅಂತಲೇ ಗುರುತಿಸಲಿಲ್ಲ.

ಮರುದಿನ ಹುಬ್ಬಳ್ಳಿಗೆ ಹೋಗಿ ರಿಪೇರಿ ಮಾಡುವವರೊಬ್ಬರಿಗೆ ತೋರಿಸಿದೆ. ಓರೆ ಹಿಡಿದು ನೋಡಿ ವಾಪಸ್ ಕೊಟ್ಟರು. "ಇದು ಬ್ಲೂ-ರೇ ಐತ್ರಿ. ಪಾಲಿಶ್ ಮಷಿನ್‌ಗೆ ಹಾಕಿದ್ರ ಇನ್ನೂ ಕೆಡತೈತಿ."

ವಿಷಯ ಇರೋದೇ ಅಲ್ಲಿ. ಡಿಸ್ಕ್ ದಪ್ಪ 1.2 ಮಿಲಿಮೀಟರ್. ಪಿಎಸ್2 ಕಾಲದ ಡಿವಿಡಿಯಲ್ಲಿ ಆಟದ ಡೇಟಾ ಇರುವ ಪದರ 0.6 ಮಿಲಿಮೀಟರ್ ಒಳಗಿದೆ. ಪೇಸ್ಟ್‌ನ ನುಣುಪು ಪುಡಿ ಮೇಲಿನ ಪ್ಲಾಸ್ಟಿಕ್ಕನ್ನು ಸ್ವಲ್ಪ ಸವೆಸಿದರೂ ನಡೆಯುತ್ತದೆ. ಪಿಎಸ್3, ಪಿಎಸ್4, ಪಿಎಸ್5 ಆಟಗಳು ಬ್ಲೂ-ರೇ ಡಿಸ್ಕ್‌ನಲ್ಲಿ ಬರುತ್ತವೆ. ಅದರಲ್ಲಿ ಡೇಟಾ ಬರೀ 0.1 ಮಿಲಿಮೀಟರ್ ಕೆಳಗೆ! ಅದಕ್ಕೇ ಮೇಲೆ ಗೀರು ತಡೆಯುವ ಗಟ್ಟಿ ಲೇಪ ಕೊಟ್ಟಿರುತ್ತಾರೆ. ನಾನು ತಿಕ್ಕಿ ಹಾಳು ಮಾಡಿದ್ದು ಆ ಲೇಪವನ್ನೇ.

ಇನ್ನೂ ಹೊಟ್ಟೆ ಉರಿಯೋ ಮಾತು ಒಂದಿದೆ. ಅವತ್ತು ರಾತ್ರಿ ನನ್ನದೇ ಬೇರೆ ಡಿಸ್ಕ್ ಹಾಕಿದೆ. ಒಂದು ಗೀರೂ ಇಲ್ಲದ್ದು. ಅದೂ ಅರ್ಧಕ್ಕೇ ನಿಂತಿತು. ತೊಂದರೆ ಇದ್ದದ್ದು ಡಿಸ್ಕ್‌ನಲ್ಲಿ ಅಲ್ಲ, ಡಿಸ್ಕ್ ಓದುವ ಲೆನ್ಸ್‌ನಲ್ಲಿ. ನಮ್ಮೂರ ಧೂಳು ನಿಮಗೂ ಗೊತ್ತಲ್ಲ. ದಯವಿಟ್ಟು ಮೊದಲು ಬೇರೆ ಡಿಸ್ಕ್ ಹಾಕಿ ನೋಡಿ. ಆಗದಿದ್ದರೆ ಇದನ್ನೇ ಗೆಳೆಯರ ಮನೆಯಲ್ಲಿ ಹಾಕಿ ನೋಡಿ.

ಒರೆಸಲೇಬೇಕಾದರೆ ಕನ್ನಡಕ ಒರೆಸುವ ಮೆತ್ತನೆ ಬಟ್ಟೆ ಸಾಕು. ನಡುವಿನ ತೂತಿನಿಂದ ಅಂಚಿಗೆ ನೇರವಾಗಿ ಒರೆಸಿ. ಗುಂಡಗೆ ತಿರುಗಿಸಿ ಒರೆಸಬೇಡಿ. ಡೇಟಾ ಸುರುಳಿಯಾಗಿ ಬರೆದಿರುತ್ತದೆ, ಅದೇ ದಿಕ್ಕಿಗೆ ಗೀರು ಬಿದ್ದರೆ ಉದ್ದಕ್ಕೂ ಡೇಟಾ ಓದಲು ಆಗುವುದಿಲ್ಲ. ಅಡ್ಡ ಬಿದ್ದ ಸಣ್ಣ ಗೀರನ್ನು ಮಷಿನ್ ತಾನೇ ಸರಿದೂಗಿಸಿಕೊಳ್ಳುತ್ತದೆ. ಥಿನ್ನರ್, ಪೆಟ್ರೋಲ್ ಅಂತೂ ಹತ್ತಿರ ತರಬೇಡಿ, ಪ್ಲಾಸ್ಟಿಕ್ಕನ್ನೇ ತಿಂದುಬಿಡುತ್ತವೆ.

ಹುಡುಗ "ಇರ್ಲಿ ಬಿಡು ಮಾಮಾ" ಅಂದ. ಆದರೆ ಊರಿಗೆ ಹೊರಟಾಗ ಖಾಲಿ ಡಬ್ಬಿಯನ್ನು ಬ್ಯಾಗಿನಲ್ಲಿ ಇಟ್ಟುಕೊಳ್ಳುವುದನ್ನು ನೋಡಿದೆ. ಅದೇ ಆಟ ಹೊಸದು ತರಿಸಿದ್ದೇನೆ. ಭಾನುವಾರ ಗದಗಿಗೆ ಹೋಗಿ ಕೊಟ್ಟು ಬರಬೇಕು.