ಫಾಂಡಂಟ್ ಸುರುಳಿಯ ಕಿಟ್: ಗಾಲಿ ಕಟರ್‌ಗಾಗಿ ಕೊಳ್ಳಿ, ಸೂಜಿಗಾಗಿ ಬೇಡ

ಮೂರು ತಿಂಗಳಿಂದ ಈ ಕಿಟ್ ನನ್ನ ಅಡುಗೆಮನೆಯ ಮೇಜಿನ ಮೇಲೇ ಇದೆ. ಎತ್ತಿ ಒಳಗಿಡೋಣ ಅಂದುಕೊಂಡಾಗಲೆಲ್ಲ ಇನ್ನೊಂದು ಕೇಕ್ ಬಂದಿದೆ. ಇಷ್ಟರಲ್ಲಿ ಮೂರು ಕೇಕ್ ಮುಗಿಸಿದ್ದೇನೆ. ಸುಮಾರು 400 ಸುರುಳಿ ಸುತ್ತಿರಬಹುದು, ಶುರುವಿನಲ್ಲಿ ಸುತ್ತಿದ್ದರಲ್ಲಿ ಮುಕ್ಕಾಲು ಪಾಲು ಮತ್ತೆ ಮುದ್ದೆ ಮಾಡಿ ನಾದಿದ್ದೇನೆ. ಈಗ ಇದರ ಬಗ್ಗೆ ಧೈರ್ಯವಾಗಿ ಹೇಳಬಹುದು ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಕಾಗದದ ಸಣ್ಣ ಪಟ್ಟಿ ಸುತ್ತಿ ಹೂವು, ಎಲೆ, ಚಿಟ್ಟೆ ಮಾಡುವ ಕ್ವಿಲ್ಲಿಂಗ್ ನೀವು ನೋಡಿರುತ್ತೀರಿ. ಬಹಳ ಹಳೆಯ ಕೈಕೆಲಸ ಅದು. ಹಕ್ಕಿಯ ಗರಿಯ ಕಡ್ಡಿಗೆ ಪಟ್ಟಿ ಸುತ್ತುತ್ತಿದ್ದರಂತೆ, ಹೆಸರು ಬಂದಿದ್ದು ಅಲ್ಲಿಂದಲೇ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಹೆಂಗಸರು ಚಹಾಪುಡಿ ಇಡುವ ಪೆಟ್ಟಿಗೆಗಳ ಮೇಲೆಲ್ಲ ಇದನ್ನು ಅಂಟಿಸುತ್ತಿದ್ದರು. ಅದನ್ನೇ ಈಗ ಕೇಕ್ ಮೇಲೆ ಫಾಂಡಂಟಿನಲ್ಲಿ ಮಾಡುತ್ತಾರೆ. ಫಾಂಡಂಟ್ ಅಂದರೆ ಸಕ್ಕರೆಯ ಮೆತ್ತನೆಯ ಕಣಕ. ಅದನ್ನು ತೆಳ್ಳಗೆ ಲಟ್ಟಿಸಿ, ಪಟ್ಟಿ ಕತ್ತರಿಸಿ, ಸುತ್ತಿ, ಅಂಚಿನ ಮೇಲೆ ನಿಲ್ಲಿಸಿ ಅಂಟಿಸಬೇಕು.

ಆ 'ಅಂಚಿನ ಮೇಲೆ' ಅನ್ನುವುದರಲ್ಲೇ ಎಲ್ಲ ಇದೆ. ಸುರುಳಿಯನ್ನು ಮೇಲಿನಿಂದ ನೋಡಿದಾಗ ಕಣ್ಣಿಗೆ ಬೀಳುವುದು ಪಟ್ಟಿಯ ಅಂಚು ಮಾತ್ರ. ಪಟ್ಟಿಯ ಅಗಲ ಸುರುಳಿಯ ಎತ್ತರ ಆಗುತ್ತದೆ, ದಪ್ಪ ಗೆರೆ ಆಗುತ್ತದೆ. ಲಟ್ಟಿಸುವಾಗ ಒಂದು ಕಡೆ ದಪ್ಪ ಆಯಿತೋ, ಗೆರೆ ಅಲ್ಲಿ ಊದಿದ ಹಾಗೆ ಕಾಣುತ್ತದೆ. ಕತ್ತರಿಸುವಾಗ ಅರ್ಧ ಮಿಲಿಮೀಟರ್ ಅಲ್ಲಾಡಿತೋ, ಸುರುಳಿಯ ತಲೆ ಏರುಪೇರು. ಒಂದೇ ಸುರುಳಿ ಆದರೆ ಯಾರಿಗೂ ಗೊತ್ತಾಗುವುದಿಲ್ಲ, ಆದರೆ ಅರವತ್ತು ಸುರುಳಿ ಪಕ್ಕಪಕ್ಕದಲ್ಲಿ ಕೂತಾಗ ಬೆಳಕು ಒಂದೊಂದರ ಮೇಲೆ ಒಂದೊಂದು ಥರ ಬಿದ್ದು ಇಡೀ ಕೇಕ್ ಗಲೀಜಾಗಿ ಕಾಣುತ್ತದೆ. ಹಾಗಾಗಿ ಇಂಥ ಕಿಟ್ ಕೊಳ್ಳುವಾಗ ನಾನು ಕೇಳುವುದು ಒಂದೇ. ಒಂದೇ ಸಮನಾದ ಪಟ್ಟಿ ಕೊಡುತ್ತದಾ ಇಲ್ವಾ?

ಡಬ್ಬಿಯಲ್ಲಿ ಇದ್ದದ್ದು ಇಷ್ಟು: ಸ್ಟೀಲಿನ ಗಾಲಿ ಕಟರ್, ಅದರ ಗಾಲಿಗಳ ನಡುವೆ ಹಾಕುವ ಪ್ಲಾಸ್ಟಿಕ್ ಬಳೆಗಳು, ಲಟ್ಟಣಿಗೆಯ ಎರಡೂ ಕಡೆ ಇಡುವ 1 ಮತ್ತು 2 ಮಿ.ಮೀ. ದಪ್ಪದ ಪಟ್ಟಿಗಳು, ಕಣಕ ತುಂಬಿ ಹಿಡಿ ತಿರುಗಿಸಿದರೆ ಎಳೆಯಾಗಿ ಹೊರಗೆ ಒತ್ತುವ ಎಕ್ಸ್‌ಟ್ರೂಡರ್, ಅದರ ಬಾಯಿಗೆ ಹಾಕುವ ತೂತಿನ ಬಿಲ್ಲೆಗಳು, ತುದಿಯಲ್ಲಿ ಸೀಳು ಇರುವ ಸುತ್ತುವ ಸೂಜಿ, ಒಂದು ಸ್ಪಂಜಿನ ಹಾಸು.

ಗಾಲಿ ಕಟರ್ ಚಿನ್ನದಂಥದ್ದು. ಸಾಲಾಗಿ ಚೂಪಾದ ಗಾಲಿಗಳು, ಮಧ್ಯೆ ಬಳೆ. ಸಣ್ಣ ಬಳೆ ಹಾಕಿದರೆ ಪಟ್ಟಿ 5 ಮಿ.ಮೀ., ದೊಡ್ಡದು ಹಾಕಿದರೆ ಇನ್ನೂ ಅಗಲ. ಲಟ್ಟಿಸಿದ ಫಾಂಡಂಟ್ ಮೇಲೆ ಒಂದು ಸಲ ಒತ್ತಿ ಉರುಳಿಸಿದರೆ ಒಟ್ಟಿಗೆ ಆರು ಪಟ್ಟಿ, ಎಲ್ಲವೂ ಒಂದೇ ಅಗಲ. ಮೊದಲು ನಾನು ಸ್ಕೇಲ್ ಇಟ್ಟು ಚಾಕುವಿನಲ್ಲಿ ಎಳೆಯುತ್ತಿದ್ದೆ. ಚಾಕು ಎಳೆದಾಗ ಫಾಂಡಂಟೂ ಜೊತೆಗೆ ಎಳೆದುಕೊಂಡು ಬರುತ್ತದೆ, ಪಟ್ಟಿಯ ಕೊನೆ ಸಣ್ಣ ಆಗುತ್ತದೆ. ಗಾಲಿ ಎಳೆಯುವುದಿಲ್ಲ, ಮೇಲಿಂದ ಒತ್ತಿ ಕತ್ತರಿಸುತ್ತದೆ. ಅಂಚು ನೇರವಾಗಿ, ನುಣುಪಾಗಿ ಬರುತ್ತದೆ. ಒಂದು ಕೊರತೆ ಅಂದರೆ ಬಳೆಗಳ ಅಂಚಿನಲ್ಲಿ ಪ್ಲಾಸ್ಟಿಕ್ ಚೂರುಗಳು ಹಾಗೇ ಉಳಿದಿದ್ದವು. ಅವು ಫಾಂಡಂಟ್ ಮೇಲೆ ಗೀರು ಹಾಕುತ್ತಿದ್ದವು. ಉಗುರಿನಿಂದ ಮುಟ್ಟಿ ನೋಡಿ, ಚೂಪು ತಗುಲಿದರೆ ಕೆರೆದು, ತೊಳೆದು, ಆಮೇಲೆ ಬಳಸಿ. ತಿನ್ನುವ ಪದಾರ್ಥಕ್ಕೆ ತಾಗುವ ಸಾಮಾನು ಇದು, ತಯಾರಿಸಿದವರು ಇಷ್ಟು ಗಮನ ಕೊಡಬೇಕಿತ್ತು.

ಲಟ್ಟಣಿಗೆಗೆ ಆಸರೆ ಕೊಡುವ ದಪ್ಪದ ಪಟ್ಟಿಗಳೂ ಬಹಳ ಉಪಯೋಗಕ್ಕೆ ಬಂದವು. ನೋಡುವುದಕ್ಕೆ ಸುಮ್ನೆ ಎರಡು ಪ್ಲಾಸ್ಟಿಕ್ ಕೋಲು. ಫಾಂಡಂಟಿನ ಎರಡೂ ಪಕ್ಕ ಇಟ್ಟು ಲಟ್ಟಿಸಿದರೆ ಲಟ್ಟಣಿಗೆ ಅದಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ, ಎಲ್ಲ ಕಡೆ ಒಂದೇ ದಪ್ಪ. ಇಲ್ಲಿ ಒಂದು ಲೆಕ್ಕ ಹೇಳುತ್ತೇನೆ, ಮಾದರಿ ಬರೆದುಕೊಳ್ಳುವಾಗ ನನಗೆ ತುಂಬ ಸಹಾಯ ಆಗಿದೆ. 15 ಸೆಂ.ಮೀ. ಉದ್ದ, 1 ಮಿ.ಮೀ. ದಪ್ಪದ ಪಟ್ಟಿಯನ್ನು ಬಿಗಿಯಾಗಿ ಸುತ್ತಿದರೆ ಸುಮಾರು 14 ಮಿ.ಮೀ. ಅಗಲದ ಬಿಲ್ಲೆ ಆಗುತ್ತದೆ. ಅದೇ ಉದ್ದದ ಪಟ್ಟಿ 2 ಮಿ.ಮೀ. ದಪ್ಪ ಇದ್ದರೆ ಹತ್ತಿರ ಹತ್ತಿರ 20 ಮಿ.ಮೀ. ಆಗುತ್ತದೆ. ಅಂದರೆ ದಪ್ಪ ಎರಡರಷ್ಟಾದರೂ ಸುರುಳಿ ಎರಡರಷ್ಟು ಅಗಲ ಆಗುವುದಿಲ್ಲ. ಸಡಿಲ ಬಿಟ್ಟರೆ ಎಷ್ಟು ಬೇಕಾದರೂ ಹರಡಿಕೊಳ್ಳುತ್ತದೆ, ಅದು ನಿಮ್ಮ ಕೈಲಿದೆ. 1 ಮಿ.ಮೀ. ದಪ್ಪ, 5 ಮಿ.ಮೀ. ಅಗಲದ ಅಂಥ ಒಂದು ಸುರುಳಿಯ ತೂಕ ಒಂದು ಗ್ರಾಮ್‌ನ ಆಸುಪಾಸು. ನೂರು ಸುರುಳಿ ಅಂಟಿಸಿದರೂ ಕೇಕ್‌ಗೆ ಅಷ್ಟೇನೂ ಭಾರ ಇಲ್ಲ. ಕೇಕಿನ ಪಕ್ಕದ ಗೋಡೆಗೆ ಅಂಟಿಸುವವರು ನಾನು ಹೇಳುವ ಹಾಗೆ 1 ಮಿ.ಮೀ.ನಲ್ಲೇ ಲಟ್ಟಿಸಿ, ದಪ್ಪ ಪಟ್ಟಿಯ ಸುರುಳಿ ಜಾರುತ್ತದೆ.

ಇನ್ನು ಎಕ್ಸ್‌ಟ್ರೂಡರ್. ಡಬ್ಬಿಯ ಮೇಲಿನ ಚಿತ್ರದಲ್ಲಿ ಇದರಿಂದಲೇ ಪಟ್ಟಿ ಬರುತ್ತಿದೆ, ಆ ಪಟ್ಟಿಯಿಂದಲೇ ಹೂವು ಆಗಿದೆ. ನನ್ನ ಅನುಭವ ಬೇರೆ. ಇದರಲ್ಲಿ ಹೋಗಬೇಕಾದರೆ ಫಾಂಡಂಟ್ ತುಂಬ ಮೆತ್ತಗಿರಬೇಕು. ಶಾರ್ಟನಿಂಗ್ (ವನಸ್ಪತಿಯಂಥ ಗಟ್ಟಿ ಕೊಬ್ಬು) ಸ್ವಲ್ಪ ಹಚ್ಚಿ, ಕೈಲಿ ಬೆಚ್ಚಗೆ ಮಾಡಿ ತುಂಬಬೇಕು, ಇಲ್ಲದಿದ್ದರೆ ಹಿಡಿ ತಿರುಗುವುದೇ ಇಲ್ಲ. ಅಷ್ಟು ಮೆತ್ತಗಿನ ಪಟ್ಟಿ ಸುತ್ತಿದಾಗ ನಿಲ್ಲುವುದಿಲ್ಲ, ಸುರುಳಿ ಅಲ್ಲೇ ಕುಸಿಯುತ್ತದೆ. ನಿಲ್ಲಲಿ ಅಂತ ಗಟ್ಟಿ ಮಾಡಿದರೆ ಬಿಲ್ಲೆಯ ಸೀಳಿನ ಮೂಲೆಗಳಲ್ಲಿ ಉಜ್ಜಿ ಅಂಚು ಹಲ್ಲು ಹಲ್ಲಾಗಿ ಬರುತ್ತದೆ. ಅಂಚೇ ಕಾಣುವ ಕೆಲಸದಲ್ಲಿ ಅಂಚೇ ಹಾಳಾದರೆ ಏನು ಮಾಡುವುದು? ಎರಡು ದಿನ ಇದರ ಜೊತೆ ಗುದ್ದಾಡಿ ಬಿಟ್ಟೆ. ಆದರೆ ದುಂಡು ತೂತಿನ ಬಿಲ್ಲೆಗಳನ್ನು ಎಸೆಯಬೇಡಿ. ಅದರಿಂದ ಬರುವ ಹುರಿಯಂಥ ಎಳೆ ಬಳ್ಳಿಗೆ, ಕೇಕಿನ ಬುಡದ ಸುತ್ತ ಗೆರೆಗೆ ಬಹಳ ಚೆನ್ನಾಗಿರುತ್ತದೆ.

ಸೂಜಿ ನನಗೆ ಸರಿಹೋಗಲಿಲ್ಲ. ಕಾಗದಕ್ಕೆ ಮಾಡಿದ ಸೂಜಿಯನ್ನೇ ಇಲ್ಲೂ ಹಾಕಿದ್ದಾರೆ. ಸೀಳಿನಲ್ಲಿ ಪಟ್ಟಿಯ ತುದಿ ಸಿಕ್ಕಿಸಿ ಸುತ್ತಬೇಕು, ಸುತ್ತುವವರೆಗೂ ಎಲ್ಲ ಚೆನ್ನಾಗಿರುತ್ತದೆ. ಹೊರಗೆ ಎಳೆದಾಗ ನಡುವಿನ ಸುತ್ತು ಸೂಜಿಗೆ ಅಂಟಿಕೊಂಡು ಮೇಲೆದ್ದು ಬರುತ್ತದೆ. ಸಪಾಟಾಗಿ ಇರಬೇಕಾದ ಸುರುಳಿ ಗೋಪುರದ ಹಾಗೆ ಆಗುತ್ತದೆ. ಮೊದಲ ಕೇಕ್ ಅಕ್ಕನ ಮಗಳದ್ದು. ಅವಳು ಪಕ್ಕದಲ್ಲೇ ಕೂತು ಅದನ್ನು ಕೈಗೆತ್ತಿಕೊಂಡು, "ಚಿಕ್ಕಮ್ಮ, ಇದು ಬಸವನಹುಳದ ಥರ ಇದೆ, ನಂಗೆ ಇದೇ ಇರಲಿ" ಅಂದಳು. ಆ ಒಂದು ಸುರುಳಿಯನ್ನು ಹಾಗೇ ಕೇಕ್ ಮೇಲೆ ಮಾಡಿದ್ದ ಮರದ ಬುಡದಲ್ಲಿ ಅಂಟಿಸಿದೆವು. ಉಳಿದದ್ದನ್ನೆಲ್ಲ ಹಲ್ಲುಕಡ್ಡಿಯಲ್ಲಿ ಸುತ್ತಿದೆ. ಕಡ್ಡಿಗೆ ಚೂರೇ ಚೂರು ಶಾರ್ಟನಿಂಗ್ ಸವರಬೇಕು. ಪಟ್ಟಿಯ ತುದಿಯನ್ನು ಬೆರಳಿನಿಂದ ಒಂದು ಸುತ್ತು ಮಡಚಿ, ಕಡ್ಡಿಯ ಸುತ್ತ ಉರುಳಿಸಿ, ತೆಗೆಯುವಾಗ ನೇರ ಎಳೆಯದೆ ಸುತ್ತಿದ ದಿಕ್ಕಿಗೆ ಉಲ್ಟಾ ತಿರುಗಿಸುತ್ತಾ ಬಿಡಿಸಿದರೆ ನಡುವಿನ ಸುತ್ತು ಅಲ್ಲಾಡದೆ ಕೂರುತ್ತದೆ. ಕಾಗದದ ಕೆಲಸಕ್ಕೆ ಬಳಸಿದ ಹಳೆ ಸೂಜಿ ಮನೆಯಲ್ಲಿದೆ ಅಂತ ಅದನ್ನು ಮಾತ್ರ ಇದಕ್ಕೆ ತರಬೇಡಿ, ಅದಕ್ಕೆ ಅಂಟು ಮೆತ್ತಿರುತ್ತದೆ.

ಸಾಮಾನು ಎಷ್ಟೇ ಒಳ್ಳೆಯದಿದ್ದರೂ ಹದ ತಪ್ಪಿದರೆ ಕೆಲಸ ಕೆಟ್ಟ ಹಾಗೇ. ಕಿಟ್ ಜೊತೆ ಬಂದ ಚೀಟಿಯಲ್ಲಿ ಹದದ ಬಗ್ಗೆ ಒಂದಕ್ಷರ ಇಲ್ಲ, ನನಗೆ ನಿಜವಾಗಿಯೂ ಬೇಸರ ಆಗಿದ್ದು ಅದಕ್ಕೆ. ಹೊಸಬರು ಕಿಟ್ ತಂದು, ಮಾಮೂಲಿ ಫಾಂಡಂಟ್ ಲಟ್ಟಿಸಿ, ಸುತ್ತಿ, ಅದು ಕುಸಿದಾಗ ತಮ್ಮ ಕೈಯೇ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಮಾಮೂಲಿ ಫಾಂಡಂಟ್‌ನಲ್ಲಿ ಗ್ಲಿಸರಿನ್ ಇರುತ್ತದೆ, ಕೇಕ್ ಮುಚ್ಚಿದ ಮೇಲೂ ಮೆತ್ತಗೇ ಇರಲಿ ಅಂತ ಹಾಕುವುದು ಅದು. ನಮಗೆ ಬೇಕಾದದ್ದು ಅದರ ಉಲ್ಟಾ. 250 ಗ್ರಾಮ್ ಫಾಂಡಂಟಿಗೆ ಸುಮಾರು ಒಂದು ಚಹಾ ಚಮಚ ಸಿ.ಎಂ.ಸಿ. ಪುಡಿ (ಕಣಕ ಗಟ್ಟಿ ಮಾಡುವ, ತಿನ್ನಬಹುದಾದ ಅಂಟಿನ ಪುಡಿ) ಹಾಕಿ ನಾದಿ, ಕ್ಲಿಂಗ್ ಫಿಲ್ಮ್‌ನಲ್ಲಿ ಗಾಳಿ ಹೋಗದ ಹಾಗೆ ಸುತ್ತಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎಳೆದು ನೋಡಿದರೆ ತುಂಡಾಗದೆ ಸ್ವಲ್ಪ ರಬ್ಬರಿನ ಹಾಗೆ ಹಿಗ್ಗುತ್ತದೆ. ಅದೇ ಹದ. ಇಲ್ಲದಿದ್ದರೆ ಅರ್ಧ ಫಾಂಡಂಟ್, ಅರ್ಧ ಗಮ್ ಪೇಸ್ಟ್ (ಒಣಗಿದರೆ ಗಟ್ಟಿಯಾಗುವ ಸಕ್ಕರೆ ಕಣಕ) ಸೇರಿಸಿ ನಾದಬಹುದು, ಅದೂ ಚೆನ್ನಾಗಿಯೇ ಬರುತ್ತದೆ. ಬಣ್ಣ ಹಾಕುವುದಾದರೆ ಜೆಲ್ ಬಣ್ಣ. ನೀರು ಬಣ್ಣ ಹಾಕಿದರೆ ಅಂಟಂಟಾಗಿ ಹದವೇ ಹೋಗುತ್ತದೆ. ಕಡುಗೆಂಪು, ಕಪ್ಪು ಬೇಕಿದ್ದರೆ ಬಣ್ಣ ಕಲಸಿದ ಫಾಂಡಂಟನ್ನೇ ಕೊಂಡು ತನ್ನಿ. ಅಷ್ಟು ಗಾಢ ಬರಲು ಮನೆಯಲ್ಲಿ ಹಾಕಬೇಕಾದ ಜೆಲ್ಲೇ ಜಾಸ್ತಿ ಆಗಿ ಕಣಕ ಸಡಿಲ ಆಗುತ್ತದೆ.

ಕತ್ತರಿಸಿದ ತಕ್ಷಣ ಸುತ್ತಬೇಡಿ. ಸ್ವಲ್ಪ ಹೊತ್ತು ಆರಬೇಕು. ಎಷ್ಟು ಹೊತ್ತು ಅಂತ ಗಡಿಯಾರ ನೋಡಿ ಹೇಳುವ ಹಾಗಿಲ್ಲ, ಆ ದಿನದ ಗಾಳಿಯ ತೇವದ ಮೇಲೆ ಹೋಗುತ್ತದೆ. ಒಣ ದಿನ ಮೂರು ನಿಮಿಷ ಸಾಕಾಗಿದ್ದೂ ಇದೆ, ತೇವದ ದಿನ ಹದಿನೈದು ನಿಮಿಷ ಕಾದದ್ದೂ ಇದೆ. ನಾನು ನೋಡುವುದು ಹೀಗೆ. ಒಂದು ಪಟ್ಟಿಯನ್ನು ತೋರುಬೆರಳಿಗೆ ಸುತ್ತುತ್ತೇನೆ. ಬೆರಳಿನ ಗೆರೆ ಪಟ್ಟಿಯ ಮೇಲೆ ಅಚ್ಚಾಗಿ ಮೂಡಿದರೆ ಇನ್ನೂ ಬೇಗ ಆಯಿತು ಅಂತ. ಹೊರಗಿನ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಬಿರುಕು ಕಂಡರೆ ತಡವಾಯಿತು. ಇವೆರಡರ ನಡುವೆ ಪಟ್ಟಿ ಬೆರಳಿನಿಂದ ತಾನಾಗಿ ಸ್ವಲ್ಪ ಬಿಚ್ಚಿಕೊಂಡು ನಿಲ್ಲುತ್ತದಲ್ಲ, ಆ ಗಳಿಗೆಯಲ್ಲಿ ಕೂತು ಎಲ್ಲವನ್ನೂ ಸುತ್ತಿಬಿಡಬೇಕು. ಅದಕ್ಕೇ ಒಮ್ಮೆಗೆ ಹನ್ನೆರಡು ಪಟ್ಟಿಗಿಂತ ಜಾಸ್ತಿ ಕತ್ತರಿಸುವುದಿಲ್ಲ. ಉಳಿದ ಕಣಕ ಮುಚ್ಚಿಯೇ ಇರುತ್ತದೆ. ಹಲಗೆಗೆ ಅಂಟದಿರಲಿ ಅಂತ ಕಾರ್ನ್‌ಫ್ಲೋರ್ ಉದುರಿಸುವ ರೂಢಿ ಎಲ್ಲರಿಗೂ ಇದೆ, ಇಲ್ಲಿ ಅದನ್ನು ಕಡಿಮೆ ಮಾಡಿ. ಪುಡಿ ಜಾಸ್ತಿ ಆದರೆ ಪಟ್ಟಿ ಬೇಗ ಒಣಗಿ ಬಿರಿಯುತ್ತದೆ, ಕಡುಬಣ್ಣದ ಮೇಲೆ ಬಿಳಿ ಬಿಳಿಯಾಗಿ ಕಾಣುತ್ತದೆ, ಅಂಟೂ ಹಿಡಿಯುವುದಿಲ್ಲ. ಹಲಗೆಗೆ ಶಾರ್ಟನಿಂಗ್ ತೆಳ್ಳಗೆ ಸವರಿದರೆ ಸಾಕು.

ಆಕಾರಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸಡಿಲ ಸುರುಳಿಯ ಒಂದು ಕಡೆ ಚಿವುಟಿದರೆ ಹನಿ, ಎರಡೂ ಕಡೆ ಚಿವುಟಿದರೆ ಎಲೆ. ನನ್ನ ಮೂರೂ ಕೇಕ್ ಈ ಎರಡರಲ್ಲೇ ಮುಗಿದಿವೆ.

ಅಂಟು ಮನೆಯಲ್ಲೇ ಮಾಡಿಕೊಳ್ಳಿ. ಕಾಲು ಚಹಾ ಚಮಚ ಸಿ.ಎಂ.ಸಿ. ಪುಡಿಯನ್ನು ಎರಡು ದೊಡ್ಡ ಚಮಚ ಬೆಚ್ಚಗಿನ ನೀರಿಗೆ ಹಾಕಿ ಮುಚ್ಚಿಡಿ. ಮೊದಲು ಗಂಟು ಗಂಟಾಗಿರುತ್ತದೆ, ಕೈಯಾಡಿಸುತ್ತಾ ಕೂರಬೇಡಿ. ಬೆಳಗಾಗುವಷ್ಟರಲ್ಲಿ ತಾನೇ ಕರಗಿ ತಿಳಿಯಾದ ಲೋಳೆ ಆಗಿರುತ್ತದೆ. ಸಣ್ಣ ಬ್ರಷ್‌ನಲ್ಲಿ ಸುರುಳಿಯ ಕೆಳ ಅಂಚಿಗೆ ಮಾತ್ರ ಮುಟ್ಟಿಸಿ. ಜಾಸ್ತಿ ಹಚ್ಚಿದರೆ ಹೊರಗೆ ಉಕ್ಕಿ ಬಂದು, ಒಣಗಿದ ಮೇಲೆ ಹೊಳೆಯುವ ಕಲೆ ಉಳಿಯುತ್ತದೆ. ಎರಡನೇ ಕೇಕ್‌ನಲ್ಲಿ ನನಗೆ ಹಾಗಾಯಿತು, ಬಿಳಿ ಮೇಲ್ಮೈ ಬೇರೆ, ಮುಚ್ಚುವುದಕ್ಕೇ ಹತ್ತು ಎಲೆ ಹೆಚ್ಚು ಅಂಟಿಸಬೇಕಾಯಿತು.

ಇನ್ನೊಂದು ವಿಷಯ ಅದೇ ಎರಡನೇ ಕೇಕ್‌ನಲ್ಲಿ ಕಲಿತೆ. ಹಿಂದಿನ ದಿನವೇ ದೊಡ್ಡ ದೊಡ್ಡ ಸುರುಳಿ ಮಾಡಿ ಹಲಗೆಯ ಮೇಲೆ ಒಣಗಿಸಿದ್ದೆ. ಕೇಕಿನ ದುಂಡು ಗೋಡೆಗೆ ಇಟ್ಟರೆ ಕೂರುತ್ತಲೇ ಇಲ್ಲ! ಸುರುಳಿಯ ಬೆನ್ನು ಸಪಾಟು, ಗೋಡೆ ಬಾಗಿದೆ, ನಡುವೆ ಮಾತ್ರ ತಾಗಿ ಎರಡೂ ಅಂಚು ಗಾಳಿಯಲ್ಲಿ. ಸಣ್ಣ ಸುರುಳಿಗೆ ಈ ತೊಂದರೆ ಇಲ್ಲ. ದೊಡ್ಡದನ್ನು ಅದೇ ಕೇಕ್ ಅಳತೆಯ ಟಿನ್‌ನ ಹೊರಮೈಗೆ ಬೆಣ್ಣೆಕಾಗದ ಸುತ್ತಿ, ಟಿನ್ ಮಲಗಿಸಿ, ಅದರ ಮೇಲೆ ಆರಲು ಬಿಡಿ. ಆ ಬಾಗು ಹಾಗೇ ಉಳಿಯುತ್ತದೆ. ಮೂರನೇ ಕೇಕ್‌ನಲ್ಲಿ ಹೀಗೆ ಮಾಡಿದೆ, ಒಂದೂ ಬೀಳಲಿಲ್ಲ.

ಫ್ರಿಜ್ ಬಗ್ಗೆಯೂ ಹೇಳಲೇಬೇಕು. ತಣ್ಣಗಿನ ಕೇಕ್ ಹೊರಗೆ ತೆಗೆದ ಕೂಡಲೇ ಫಾಂಡಂಟ್ ಮೇಲೆ ನೀರಿನ ಹನಿ ಕೂರುತ್ತದೆ. ಬರೀ ಸಪಾಟಾದ ಕೇಕ್ ಆಗಿದ್ದರೆ ಮುಟ್ಟದೆ ಬಿಟ್ಟರೆ ಆರುತ್ತದೆ, ಆದರೆ ಸುರುಳಿಗಳ ಒಳಗೆ ಸಂದುಗೊಂದು ಎಷ್ಟಿವೆ ಅಲ್ವಾ, ಅಲ್ಲಿ ನೀರು ನಿಂತು ಕೆಂಪು ಬಣ್ಣ ಬಿಳಿಗೆ ಇಳಿಯುತ್ತದೆ. ಕೆಡದ ಕ್ರೀಮ್ ಇರುವ ಕೇಕ್ ಆದರೆ ಫ್ರಿಜ್ಜಿಗೆ ಇಡಲೇಬೇಡಿ. ಇಡಲೇಬೇಕಾದರೆ ರಟ್ಟಿನ ಡಬ್ಬಿಯಲ್ಲಿ ಹಾಕಿ ಇಡಿ, ತೆಗೆದ ಮೇಲೂ ಡಬ್ಬಿ ತೆರೆಯದೆ ಕೋಣೆಯ ಬಿಸಿಗೆ ಬರುವವರೆಗೆ ಹಾಗೇ ಬಿಡಿ. ಆಗ ತೇವ ಕೂರುವುದು ಡಬ್ಬಿಯ ಮೇಲೆ.

ಸರಿ, ಕೊಳ್ಳಬೇಕಾ ಬೇಡವಾ? ಗಾಲಿ ಕಟರ್ ಮತ್ತು ದಪ್ಪದ ಪಟ್ಟಿಗಳು ಬಿಡಿಯಾಗಿ ಸಿಕ್ಕರೆ ಅವೆರಡನ್ನೇ ಕೊಳ್ಳಿ. ಬಿಡಿಯಾಗಿ ಸಿಗದಿದ್ದರೆ ಇಡೀ ಕಿಟ್ ತಂದರೂ ನಷ್ಟ ಇಲ್ಲ, ಆ ಕಟರ್ ಒಂದೇ ಸಾಕು. ಮನೆಯಲ್ಲಿ ಪಾಸ್ತಾ ಯಂತ್ರ ಇದ್ದವರಿಗೆ ಲಟ್ಟಿಸುವ ಕೆಲಸ ಇನ್ನೂ ಸಲೀಸು, ಅವರಿಗೆ ಕಟರ್ ಮಾತ್ರ ಬೇಕು. ವರ್ಷಕ್ಕೆ ಒಂದೇ ಕೇಕ್ ಮಾಡುವವರು ಮೊದಲು ಸ್ಕೇಲ್, ಚಾಕುವಿನಲ್ಲಿ ಹತ್ತು ಸುರುಳಿ ಸುತ್ತಿ ನೋಡಿ. ಎಳೆಯದೆ, ಚಾಕುವನ್ನು ಮೇಲಿಂದ ಒತ್ತಿ ಕತ್ತರಿಸಿ. ಕೂತು ಸುತ್ತುವುದು ಇಷ್ಟವಾದರೆ ಆಮೇಲೆ ಕಿಟ್ ತನ್ನಿ. ಕಟರ್ ತೊಳೆದ ಮೇಲೆ ಗಾಲಿಗಳನ್ನು ಬಿಚ್ಚಿ ಒರೆಸಿ, ಒಳಗೆ ಸಕ್ಕರೆ ಒಣಗಿ ಕೂತರೆ ಮುಂದಿನ ಸಲ ಗಾಲಿ ತಿರುಗುವುದಿಲ್ಲ.

ಮಿಕ್ಕ ಸುರುಳಿಗಳನ್ನು ಎಸೆಯಬೇಡಿ. ಪೂರ್ತಿ ಒಣಗಿದ ಮೇಲೆ ರಟ್ಟಿನ ಡಬ್ಬಿಯಲ್ಲಿ ಹಾಕಿ, ಬೆಳಕು ಬೀಳದ ಕಡೆ ಇಡಿ. ಬೆಳಕಿಗೆ ಗುಲಾಬಿ ಮತ್ತು ನೇರಳೆ ಬೇಗ ಮಾಸುತ್ತವೆ. ನನ್ನ ಡಬ್ಬಿಯಲ್ಲಿ ಈಗ ನಲವತ್ತು ಹಸಿರು ಎಲೆಗಳಿವೆ, ಎಲ್ಲವೂ ಒಂದೇ ಎತ್ತರ. ಅಕ್ಕನ ಮಗಳು ಮುಂದಿನ ಕೇಕ್ ಮೇಲೆ ಕಾಡೇ ಬೇಕು ಅಂದಿದ್ದಾಳೆ, ಇನ್ನೂ ಇನ್ನೂರು ಸುತ್ತಬೇಕು.